ಬೆನ್ನುಮೂಳೆಯ ಸ್ಥಿರೀಕರಣ: ಹೊಂದಿಸಬಲ್ಲ ಸ್ಕ್ರೂಗಳನ್ನೂ ರಾಡ್ ಕನೆಕ್ಟರ್‌ಗಳನ್ನೂ ಆರಿಸಿ ಜೋಡಿಸುವ ಕ್ರಮ

ಕಶೇರುಗಳು ಮೂಳೆಯಿಂದ ಮೂಳೆಗೆ ಕೂಡಿಕೊಳ್ಳುವವರೆಗೆ ಅವುಗಳನ್ನು ಸರಿಯಾದ ನಿಲುವಿನಲ್ಲಿ ಅಲುಗದಂತೆ ಹಿಡಿದಿಡುವುದು ಸ್ಕ್ರೂ ಮತ್ತು ರಾಡ್‌ಗಳ ಕೆಲಸ. ಅಷ್ಟರೊಳಗೆ ಮೂಳೆ ಕೂಡದಿದ್ದರೆ ಎಂಥ ಗಟ್ಟಿ ಲೋಹವೂ ಒಂದಲ್ಲ ಒಂದು ದಿನ ದಣಿದು ಮುರಿಯುತ್ತದೆ, ಇಲ್ಲವೇ ಮೂಳೆಯಲ್ಲಿ ಸಡಿಲಗೊಳ್ಳುತ್ತದೆ. ಈ ಬರಹವು ತರಬೇತಿಯಲ್ಲಿರುವ ಶಸ್ತ್ರವೈದ್ಯರಿಗೆ, ಶಸ್ತ್ರಚಿಕಿತ್ಸಾ ಕೊಠಡಿಯ ದಾದಿಯರಿಗೆ ಮತ್ತು ಉಪಕರಣ ರೂಪಿಸುವ ಎಂಜಿನಿಯರುಗಳಿಗೆ ಉದ್ದೇಶಿಸಿದ್ದು. ಹಿರಿಯರ ಮೇಲ್ವಿಚಾರಣೆಗಾಗಲಿ ತಯಾರಕರ ಕೈಪಿಡಿಗಾಗಲಿ ಇದು ಬದಲಿಯಲ್ಲ.

ಫ್ರಾನ್ಸಿನ ರೇಮಂಡ್ ರಾಯ್-ಕಾಮಿಲ್ 1963ರಲ್ಲಿ ಪೆಡಿಕಲ್ (ಕಶೇರುವಿನ ಹಿಂಭಾಗವನ್ನು ಮುಂಭಾಗಕ್ಕೆ ಸೇರಿಸುವ ಮೂಳೆಕಂಬ) ಮೂಲಕ ಇಳಿಸುವ ಸ್ಕ್ರೂಗಳನ್ನು ಲೋಹದ ಪಟ್ಟಿಗಳೊಂದಿಗೆ ಬಳಸಿದರು. ಅಂಥ ಜೋಡಣೆಯಲ್ಲಿ ಸ್ಕ್ರೂ ಎಲ್ಲಿ ಇಳಿಯಬೇಕೆಂಬುದಕ್ಕೆ ಪಟ್ಟಿಯ ರಂಧ್ರಗಳೂ ಮಿತಿ ಹಾಕುತ್ತಿದ್ದವು. ರಾಡ್‌ಗಳು ಬಂದ ಮೇಲೂ ತಲೆ ಅಲುಗದ ಮಾನೋಆಕ್ಸಿಯಲ್ ಸ್ಕ್ರೂ ಬಳಸಿದಾಗ ರಾಡನ್ನು ಪ್ರತಿ ತಲೆಗೂ ಕರಾರುವಾಕ್ಕಾಗಿ ಬಗ್ಗಿಸಬೇಕಾಗುತ್ತದೆ. ಈ ತೊಡಕನ್ನು ಪಾಲಿಆಕ್ಸಿಯಲ್ ಸ್ಕ್ರೂ ಕಡಿಮೆ ಮಾಡಿತು: ಸ್ಕ್ರೂವಿನ ಗೋಳಾಕಾರದ ಮೇಲ್ತುದಿಯು ಟ್ಯುಲಿಪ್ ಎಂದು ಕರೆಯುವ ಸೀಳುಬಟ್ಟಲಿನೊಳಗೆ ಕೂತಿರುತ್ತದೆ, ಬಟ್ಟಲು ಎಲ್ಲ ದಿಕ್ಕಿಗೂ ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಷ್ಟು ವಾಲುತ್ತದೆ; ರಾಡನ್ನು ಸೀಳಿನೊಳಗೆ ಇಳಿಸಿ ಮೇಲಿನಿಂದ ಸೆಟ್ ಸ್ಕ್ರೂ ಬಿಗಿದಾಗ ಆ ಒತ್ತಡವು ರಾಡ್ ಮತ್ತು ಅದರ ಕೆಳಗಿನ ಪೀಠದ ಮೂಲಕ ಗೋಳವನ್ನು ತಲುಪಿ, ಎಲ್ಲವನ್ನೂ ಒಂದೇ ಸಲಕ್ಕೆ ಬಂಧಿಸುತ್ತದೆ.

ಆದರೆ ವಾಲುವ ಸಾಮರ್ಥ್ಯವು ಪುಕ್ಕಟೆಯಲ್ಲ. ಗೋಳ ಮತ್ತು ಬಟ್ಟಲು ಘರ್ಷಣೆಯ ಬಲದಿಂದಷ್ಟೇ ಹಿಡಿದುಕೊಂಡಿರುವುದರಿಂದ, ಹೊರೆ ಮಿತಿಮೀರಿದಾಗ ಅನೇಕ ವಿನ್ಯಾಸಗಳಲ್ಲಿ ಮೊದಲು ಜಾರುವುದು ಆ ಜಾಗವೇ. ಆದ್ದರಿಂದ ಮುರಿತದಲ್ಲಿ ಕುಸಿದ ಕಶೇರುವನ್ನು ಎತ್ತಿ ನಿಲ್ಲಿಸಬೇಕಾದಾಗ ಅಥವಾ ತಿರುಚಿದ ಬೆನ್ನನ್ನು ತಿದ್ದಬೇಕಾದಾಗ ಮಾನೋಆಕ್ಸಿಯಲ್ ಅಥವಾ ಒಂದೇ ಸಮತಲದಲ್ಲಿ ವಾಲುವ ಸ್ಕ್ರೂಗಳು ಹೆಚ್ಚು ಹಿಡಿತ ಕೊಡುತ್ತವೆ. ಸೊಂಟದ ಭಾಗದ ಸವೆತಕ್ಕೆ ಮಾಡುವ ಸಾಮಾನ್ಯ ಜೋಡಣೆಗೆ ಪಾಲಿಆಕ್ಸಿಯಲ್ ಸಾಕು. ನನ್ನ ಅಭಿಪ್ರಾಯದಲ್ಲಿ, ವಾಲುವಿಕೆಯನ್ನು ಕೊನೆಗೆ ಉಳಿಯುವ ಸಣ್ಣ ವ್ಯತ್ಯಾಸ ಸರಿದೂಗಿಸಲು ಮೀಸಲಿಡಬೇಕೇ ಹೊರತು ವಾರೆಯಾಗಿ ಇಳಿದ ಸ್ಕ್ರೂವನ್ನು ಮರೆಮಾಚಲು ಬಳಸಬಾರದು.

ಸ್ಕ್ರೂವಿನ ಅಳತೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಸಿಟಿ ಚಿತ್ರದ ಮೇಲೆ ನಿರ್ಧರಿಸಬೇಕು. ವಯಸ್ಕರ ಸೊಂಟದ ಕಶೇರುಗಳಿಗೆ 5.5ರಿಂದ 7.5 ಮಿ.ಮೀ. ವ್ಯಾಸ ಮತ್ತು 40ರಿಂದ 50 ಮಿ.ಮೀ. ಉದ್ದದ ಸ್ಕ್ರೂಗಳು ಸಾಮಾನ್ಯ. ಎದೆಭಾಗದಲ್ಲಿ ಪೆಡಿಕಲ್ ಕಿರಿದಾಗಿರುವುದರಿಂದ ಅಳತೆ ಇಳಿಯುತ್ತದೆ. ಸೊಂಟದಲ್ಲಿ ಟ್ರಾನ್ಸ್‌ವರ್ಸ್ ಪ್ರೊಸೆಸ್‌ನ (ಕಶೇರುವಿನಿಂದ ಪಕ್ಕಕ್ಕೆ ಚಾಚುವ ಮೂಳೆ) ನಡುಗೆರೆಯು ಮೇಲಿನ ಫ್ಯಾಸೆಟ್‌ನ (ಪಕ್ಕದ ಕಶೇರುವಿನೊಂದಿಗೆ ಕೂಡುವ ಕೀಲುಮುಖ) ಹೊರ ಅಂಚನ್ನು ಸಂಧಿಸುವ ಸ್ಥಳವೇ ಪ್ರವೇಶಬಿಂದು, ಮತ್ತು ಎಲ್‌1ರಿಂದ ಎಲ್‌5ರ (ಸೊಂಟದ ಮೊದಲ ಕಶೇರುವಿನಿಂದ ಐದನೆಯದರ) ಕಡೆಗೆ ಸಾಗಿದಂತೆ ಸ್ಕ್ರೂವನ್ನು ಒಳಮುಖವಾಗಿ ವಾಲಿಸುವ ಕೋನ ಹೆಚ್ಚುತ್ತದೆ. ದಾರಿ ಕೊರೆದ ನಂತರ ದುಂಡುತುದಿಯ ಪ್ರೋಬ್‌ನಿಂದ ನಾಲ್ಕು ಗೋಡೆಗಳನ್ನೂ ತಳವನ್ನೂ ತಡವಿ ನೋಡಬೇಕು. ಒಳಗೋಡೆ ಮತ್ತು ಕೆಳಗೋಡೆಗಳನ್ನು ಎರಡನೆಯ ಬಾರಿಯೂ ನೋಡುವುದು ಒಳ್ಳೆಯದು, ಏಕೆಂದರೆ ನರಬೇರು ಅವುಗಳಿಗೆ ಅಂಟಿದಂತೆ ಸಾಗುತ್ತದೆ. ಟ್ಯಾಪ್ ಮಾಡುವುದಾದರೆ (ಸ್ಕ್ರೂ ಇಳಿಯುವ ಮೊದಲೇ ಮೂಳೆಯಲ್ಲಿ ಥ್ರೆಡ್ ಕೊರೆಯುವುದಾದರೆ) ಸ್ಕ್ರೂಗಿಂತ 0.5ರಿಂದ 1 ಮಿ.ಮೀ. ಸಣ್ಣ ಟ್ಯಾಪ್ ಬಳಸಬೇಕು. ಸ್ಕ್ರೂ ಇಳಿಸುವಾಗ ಟ್ಯುಲಿಪ್ ಮೂಳೆಗೆ ತಾಗುವಷ್ಟು ಆಳಕ್ಕೆ ತಿರುಗಿಸಬಾರದು: ತಾಗಿದರೆ ವಾಲುವಿಕೆ ನಿಂತುಹೋಗುತ್ತದೆ, ಬಳಿಕ ರಾಡ್ ಕೂರಿಸಲು ಹಾಕುವ ಬಲವೆಲ್ಲ ಸನ್ನೆಯಂತೆ ಕೆಲಸ ಮಾಡಿ ಸ್ಕ್ರೂವನ್ನು ಸಡಿಲಿಸುತ್ತದೆ.

ಸೊಂಟ ಮತ್ತು ಎದೆಭಾಗಕ್ಕೆ ಸಾಮಾನ್ಯವಾಗಿ 5.5 ಅಥವಾ 6 ಮಿ.ಮೀ. ರಾಡ್‌ಗಳನ್ನೂ ಕುತ್ತಿಗೆಗೆ ಸುಮಾರು 3.5 ಮಿ.ಮೀ. ರಾಡ್‌ಗಳನ್ನೂ ಬಳಸುತ್ತಾರೆ. ಟೈಟೇನಿಯಂ ರಾಡನ್ನು ಒಮ್ಮೆ ಬಗ್ಗಿಸಿ, ಮತ್ತೆ ಹಿಂದಕ್ಕೆ ನೆಟ್ಟಗೆ ಮಾಡುವುದು ಕೂಡದು. ಬಾಗು ಉಪಕರಣ ಬಿಟ್ಟ ಕಚ್ಚಿನಿಂದಲೇ ಬಿರುಕು ಹುಟ್ಟುತ್ತದೆ. ರಾಡ್ ಪೂರ್ತಿ ಕೂತ ಮೇಲೆ ಸೆಟ್ ಸ್ಕ್ರೂವನ್ನು ಮೊದಲು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಥ್ರೆಡ್ ಕೂಡಿದ್ದು ಕೈಗೆ ತಿಳಿದ ನಂತರ ಬಲಕ್ಕೆ ತಿರುಗಿಸಿದರೆ ಥ್ರೆಡ್ ವಾರೆಯಾಗುವುದು ತಪ್ಪುತ್ತದೆ. ಮೊದಲು ಎಲ್ಲವನ್ನೂ ಸಡಿಲವಾಗಿ ಹಿಡಿಸಿ, ಅಗತ್ಯವಿರುವ ಒತ್ತುವಿಕೆ ಅಥವಾ ಹಿಗ್ಗಿಸುವಿಕೆಯನ್ನು ಮುಗಿಸಿ, ಆಮೇಲಷ್ಟೇ ತಯಾರಕರು ಹೇಳಿದ ಟಾರ್ಕ್‌ಗೆ (ತಿರುಚುಬಲಕ್ಕೆ), ಆ ಬಲವನ್ನು ಎದುರು ಹಿಡಿಯುವ ಪ್ರತಿಟಾರ್ಕ್ ಹಿಡಿಕೆಯನ್ನು ತೊಡಿಸಿಕೊಂಡು ಅಂತಿಮವಾಗಿ ಬಿಗಿಯಬೇಕು. ಹಿಡಿಕೆ ಇಲ್ಲದೆ ಬಿಗಿದರೆ ಆ ತಿರುಚುಬಲವನ್ನು ಪೆಡಿಕಲ್ ಹೊರಬೇಕಾಗುತ್ತದೆ.

ಕನೆಕ್ಟರ್‌ಗಳ ವಿಷಯದಲ್ಲಿ ನನ್ನ ನಿಲುವು ಸರಳ: ಬೇಡವಾದಲ್ಲಿ ಹಾಕಬಾರದು, ಏಕೆಂದರೆ ಪ್ರತಿ ಕನೆಕ್ಟರ್ ಸಡಿಲಗೊಳ್ಳಬಲ್ಲ ಇನ್ನೊಂದು ಕೀಲು. ಎರಡೂ ಬದಿಯ ರಾಡ್‌ಗಳನ್ನು ಬೆಸೆಯುವ ಅಡ್ಡ ಕನೆಕ್ಟರ್ ತಿರುಚುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಮುಂದೆ ಹಿಂದೆ ಬಾಗುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಲ್ಯಾಮಿನಾ (ಕಶೇರುವಿನ ಹಿಂಬದಿಯ ಮೂಳೆಫಲಕ) ತೆಗೆದ ಜಾಗದಲ್ಲಿ ಅದು ಡ್ಯೂರಾಕ್ಕೆ (ನರಗಳನ್ನು ಸುತ್ತಿರುವ ಪೊರೆಗೆ) ತಾಗದಷ್ಟು ಅಂತರ ಇರಲೇಬೇಕು. ಇಲಿಯಂಗೆ, ಅಂದರೆ ಶ್ರೋಣಿಯ ಪಕ್ಕದ ಅಗಲ ಮೂಳೆಗೆ, ಹಾಕಿದ ಸ್ಕ್ರೂ ಉಳಿದ ಸಾಲಿನಿಂದ ಹೊರಗುಳಿಯುವುದರಿಂದ ಅದನ್ನು ಪಕ್ಕದ ತೋಳಿರುವ ಕನೆಕ್ಟರ್‌ನಿಂದ ರಾಡ್‌ಗೆ ಸೇರಿಸುತ್ತಾರೆ. ತೋಳು ಉದ್ದವಾದಷ್ಟೂ ಕೀಲಿನ ಮೇಲಿನ ಹೊರೆ ಏರುವುದರಿಂದ ತಲುಪುವಷ್ಟೇ ಉದ್ದದ ತೋಳನ್ನು ಆರಿಸಬೇಕು. ತ್ರಿಕಾಸ್ಥಿಯ ಎರಡನೆಯ ಭಾಗವಾದ ಎಸ್‌2ರಿಂದ ಆ ಮೂಳೆಯ ಮೂಲಕ ಇಲಿಯಂಗೆ ಸಾಗುವ ಸ್ಕ್ರೂ ಬಹುತೇಕ ಸಾಲಿನಲ್ಲೇ ಬರುವುದರಿಂದ ಸಾಮಾನ್ಯವಾಗಿ ಆ ತೋಳೇ ಬೇಕಾಗುವುದಿಲ್ಲ.

ಹಳೆಯ ಜೋಡಣೆಯನ್ನು ಮುಂದುವರಿಸಬೇಕಾದಾಗ ಡಾಮಿನೋ ಎನ್ನುವ, ಎರಡು ರಾಡ್‌ಗಳನ್ನು ಅಕ್ಕಪಕ್ಕ ಹಿಡಿಯುವ ಕನೆಕ್ಟರ್ ನೆರವಿಗೆ ಬರುತ್ತದೆ. ಅದನ್ನು ಬಾಗಿಲ್ಲದ, ನೇರವಾದ ತುಂಡಿನ ಮೇಲೆ ಕೂರಿಸಬೇಕು. ತುದಿಗೆ ತುದಿ ಸೇರಿಸುವ ಕನೆಕ್ಟರ್‌ನಲ್ಲಿ ಎರಡೂ ರಾಡ್‌ಗಳು ನಡುವಿನ ತಡೆಯವರೆಗೆ ಬಂದಿವೆಯೇ ಎಂಬುದನ್ನು ಕಿಂಡಿಯಿದ್ದರೆ ಅದರಲ್ಲಿ ನೋಡಿ ಖಚಿತಪಡಿಸಿಕೊಂಡೇ ಬಿಗಿಯಬೇಕು. ಹಳೆಯದು ಸ್ಟೇನ್‌ಲೆಸ್ ಸ್ಟೀಲ್ ಆಗಿದ್ದರೆ ಟೈಟೇನಿಯಂ ಜೋಡಿಸುವುದರಿಂದ ತುಕ್ಕಿನ ಅಪಾಯವಿದೆ. ಕೋಬಾಲ್ಟ್-ಕ್ರೋಮ್ ರಾಡ್‌ಗಳನ್ನು ಟೈಟೇನಿಯಂ ಸ್ಕ್ರೂಗಳೊಂದಿಗೆ ಬಳಸುವುದು ರೂಢಿಯಲ್ಲಿದೆ. ಮಾನಕಗಳನ್ನು ರೂಪಿಸುವ ಎಎಸ್‌ಟಿಎಂ ಸಂಸ್ಥೆಯ ಎಫ್1798 ಇಂಥ ಕೀಲುಗಳ ಹಿಡಿತವನ್ನೂ ಎಫ್1717 ಇಡೀ ಜೋಡಣೆಯ ಬಾಳಿಕೆಯನ್ನೂ ಪರೀಕ್ಷಿಸುವ ವಿಧಾನಗಳು. ಎರಡನೆಯದರಲ್ಲಿ 50 ಲಕ್ಷ ಆವರ್ತಗಳವರೆಗೆ ಹೊರೆ ಹಾಕುತ್ತಾರೆ, ಆದರೆ ಅಲ್ಲಿ ಸ್ಕ್ರೂ ಇರುವುದು ಪಾಲಿಎಥಿಲೀನ್ ದಿಮ್ಮಿಯಲ್ಲಿ. ಟೊಳ್ಳಾದ ಮೂಳೆಯಲ್ಲಿ ಹಿಡಿತ ಹೇಗಿರುತ್ತದೆ ಎಂಬುದನ್ನು ಆ ಅಂಕಿಯಿಂದ ಊಹಿಸಬಾರದು.

ಮುಚ್ಚುವ ಮುನ್ನ ಎರಡು ಕೋನಗಳಿಂದ ಸಿ-ಆರ್ಮ್ (ಕೊಠಡಿಯಲ್ಲೇ ಬಳಸುವ ಎಕ್ಸ್-ರೇ ಯಂತ್ರ) ಚಿತ್ರ ತೆಗೆದು, ಮೂಳೆಯ ಮೇಲ್ಪದರವನ್ನು ಕೆರೆದು ಕಸಿ ಹಾಕಿದ ನಂತರ, ರಾಡ್‌ನ ವ್ಯಾಸ, ಲೋಹ, ತಯಾರಕರ ಹೆಸರು ಮತ್ತು ಪ್ರತಿ ಕನೆಕ್ಟರ್‌ನ ಬಗೆಯನ್ನು ಶಸ್ತ್ರಚಿಕಿತ್ಸೆಯ ವರದಿಯಲ್ಲಿ ಬರೆಯಬೇಕು. ಮುಂದೊಂದು ದಿನ ಅದೇ ಬೆನ್ನನ್ನು ತೆರೆಯಬೇಕಾದ ವೈದ್ಯರು ಯಾವ ಡ್ರೈವರ್, ಯಾವ ಅಳತೆಯ ಡಾಮಿನೋ ತರಿಸಬೇಕೆಂದು ತಿಳಿಯುವುದು ಆ ಬರವಣಿಗೆಯಿಂದಲೇ.