ಕೈಸಾಲ, ಸಂಘದ ಕಂತು, ಅಡವಿಟ್ಟ ಒಡವೆ: ನಾವು ತೀರಿಸಿಕೊಂಡ ಬಗೆ

ಮಂಡ್ಯ ಕಡೆಯ ಮನೆಗಳಲ್ಲಿ ಸಾಲ ಒಂದೇ ಕಡೆ ಇರುವುದಿಲ್ಲ. ಸಹಕಾರ ಸಂಘದಲ್ಲಿ ಬೆಳೆ ಸಾಲ, ಬ್ಯಾಂಕಿನಲ್ಲಿ ಅಡವಿಟ್ಟ ಒಡವೆ, ವಾರದ ಸಂಘದಲ್ಲಿ (ಮೈಕ್ರೋಫೈನಾನ್ಸ್‌ನವರ ಗುಂಪು ಸಾಲ) ಹೆಂಗಸರ ಹೆಸರಿನಲ್ಲಿ ಒಂದು, ಗಾಡಿಯ ಕಂತು, ಗೊತ್ತಿದ್ದವರ ಹತ್ತಿರ ಕೈಸಾಲ, ದಿನಸಿ ಅಂಗಡಿಯಲ್ಲಿ ಬರೆಸಿದ್ದು. ಇಷ್ಟನ್ನೂ ಬಲ್ಲವರು ಮನೆಯಲ್ಲಿ ಯಾರೂ ಇರುವುದಿಲ್ಲ. ಯಜಮಾನರಿಗೆ ಗೊತ್ತಿಲ್ಲದ ಸಂಘದ ಸಾಲ ಇರುತ್ತದೆ, ಹೆಂಡತಿಗೆ ಗೊತ್ತಿಲ್ಲದ ಪ್ರೋನೋಟು, ಅಂದರೆ ಸಾಲಕ್ಕೆ ಸಹಿ ಹಾಕಿ ಬರೆದುಕೊಟ್ಟ ಪತ್ರ, ಇರುತ್ತದೆ. ನಮ್ಮ ಬೀದಿಯ ನಾಲ್ಕೈದು ಮನೆಯವರು ಕೂಡಿ ಸಾಲ ಇಳಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇವೆ. ಈಗಲೂ ಹೊಸದಾಗಿ ಸೇರುವ ಮನೆಗೆ ಇದೇ ಕ್ರಮ.

ಮೊದಲ ದಿನದ ಕೆಲಸ ಪಟ್ಟಿ ಮಾಡುವುದಷ್ಟೆ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಆರು ಕಲಂ ಎಳೆಯಿರಿ: ಯಾರಿಗೆ ಕೊಡಬೇಕು, ಇವತ್ತಿಗೆ ಉಳಿದ ಅಸಲು, ತಿಂಗಳಿಗೆ ಬೀಳುವ ಬಡ್ಡಿ, ಕಟ್ಟಲೇಬೇಕಾದ ಕಂತು, ಕಟ್ಟುವ ತಾರೀಕು, ಕೊಟ್ಟ ಆಧಾರ. ಆಧಾರ ಅಂದರೆ ಪ್ರೋನೋಟು, ಖಾಲಿ ಚೆಕ್ಕು, ಒಡವೆ, ಪಹಣಿ, ಜಾಮೀನು ನಿಂತವರ ಹೆಸರು. ಈ ಕೊನೆಯ ಕಲಮನ್ನು ಬಿಟ್ಟವರು ಸಾಲ ತೀರಿದ ಮೇಲೆ ಕಷ್ಟಪಡುತ್ತಾರೆ. ಪಟ್ಟಿ ಬರೆಯುವಾಗ ಯಾರೂ ಯಾರನ್ನೂ 'ಯಾಕೆ ತಗೊಂಡೆ' ಎಂದು ಕೇಳಬಾರದು. ಕೇಳಿದ ಕ್ಷಣವೇ ಒಂದು ಸಾಲ ಪಟ್ಟಿಯಿಂದ ಹೊರಗೆ ಉಳಿದುಬಿಡುತ್ತದೆ. ಆಮೇಲೆ ಎಲ್ಲ ಲೆಕ್ಕವನ್ನೂ ಕೆಡಿಸುವುದು ಆ ಹೊರಗುಳಿದ ಸಾಲವೇ.

ಪಟ್ಟಿ ಆದ ಮೇಲೆ ಕ್ರೆಡಿಟ್ ವರದಿ, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ದಾಖಲೆ, ತೆಗೆಸಿ ತಾಳೆ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಗುಂಪು ಸಾಲಗಳಿಗೆ ಕ್ರಿಫ್ ಹೈಮಾರ್ಕ್ ವರದಿಯನ್ನು ತಪ್ಪದೆ ನೋಡಿ. ಪಕ್ಕದ ಮನೆಯವರಿಗೆ ಅನುಕೂಲವಾಗಲಿ ಎಂದು ತಮ್ಮ ಹೆಸರಲ್ಲಿ ಎತ್ತಿಕೊಟ್ಟ ಸಾಲ ಅಲ್ಲಿ ಕಾಣುತ್ತದೆ. ಹಣ ಬಳಸಿದವರು ಯಾರೇ ಇರಲಿ, ಕಾಗದದ ಮೇಲೆ ಅದು ಸಹಿ ಹಾಕಿದವರ ಸಾಲ. ಪಟ್ಟಿಗೆ ಸೇರಲೇಬೇಕು.

ಬಡ್ಡಿಯನ್ನು ಎಲ್ಲರೂ ಒಂದೇ ಅಳತೆಯಲ್ಲಿ ಹೇಳುವುದಿಲ್ಲವಾದ್ದರಿಂದ ವರ್ಷದ ಲೆಕ್ಕಕ್ಕೆ ತಂದು ಬರೆದುಕೊಳ್ಳಬೇಕು. ನೂರಕ್ಕೆ ಮೂರು ರೂಪಾಯಿ ಅಂದರೆ ವರ್ಷಕ್ಕೆ 36 ಪರ್ಸೆಂಟ್. ಕ್ರೆಡಿಟ್ ಕಾರ್ಡಿನವರು ತಿಂಗಳಿಗೆ 3.5 ಅಂದರೆ ವರ್ಷಕ್ಕೆ 42, ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. 'ವರ್ಷಕ್ಕೆ 12 ಅಷ್ಟೇ, ಫ್ಲಾಟ್' ಎನ್ನುವ ಮಾತು ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಒಂದು ಲಕ್ಷ ಸಾಲಕ್ಕೆ 12,000 ಬಡ್ಡಿ ಸೇರಿಸಿ ಹನ್ನೆರಡು ಕಂತು ಮಾಡಿದರೆ ತಿಂಗಳಿಗೆ 9,333 ರೂಪಾಯಿ. ಅಸಲು ತಿಂಗಳು ತಿಂಗಳೂ ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ ಬಿದ್ದಿರುತ್ತದೆ. ಇಳಿಯುವ ಬಾಕಿಯ ಲೆಕ್ಕದಲ್ಲಿ ಅದು 21 ಪರ್ಸೆಂಟಿಗೂ ಮೇಲೆ.

ಇನ್ನು ಆದಾಯ. ಸಂಬಳದವರ ಬಜೆಟ್ಟನ್ನು ನಮ್ಮ ಕಡೆಯ ಮನೆಗೆ ಹಾಗೇ ಹಾಕಿದರೆ ಕೂರುವುದಿಲ್ಲ. ಡೈರಿ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಬರುತ್ತದೆ, ಕಬ್ಬಿನ ದುಡ್ಡು ವರ್ಷಕ್ಕೊಂದು ಸಲ. ಹಾಲಿನ ಆದಾಯ ಬರೆಯುವಾಗ ಬೂಸಾ, ಹಿಂಡಿ, ಔಷಧಿಯ ಖರ್ಚನ್ನು ಅದರ ಎದುರಿಗೇ ಬರೆಯಿರಿ. ಕರು ಹಾಕುವುದಕ್ಕೆ ಸುಮಾರು ಎರಡು ತಿಂಗಳ ಮುಂಚೆ ಹಸುವಿನ ಹಾಲು ಬತ್ತಿಸಬೇಕು. ಆ ತಿಂಗಳುಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮೇವಿನ ಖರ್ಚು ನಿಲ್ಲುವುದಿಲ್ಲ, ಬಟವಾಡೆ ನಿಲ್ಲುತ್ತದೆ. ಎಷ್ಟೋ ಮನೆಗಳಲ್ಲಿ ಹೊಸ ಕೈಸಾಲ ಹುಟ್ಟುವುದು ಆ ಎರಡು ತಿಂಗಳಲ್ಲೇ.

ಕಬ್ಬು ಸರಬರಾಜಾದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೂ ಆ ತಾರೀಕನ್ನು ನಂಬಿ ಯಾರಿಗೂ ಮಾತು ಕೊಡಬೇಡಿ. ಕಬ್ಬಿನ ದುಡ್ಡು ತಿಂಗಳ ಬಜೆಟ್ಟಿಗೆ ಬರಲೇಬಾರದು, ಅದಕ್ಕೆ ಬೇರೆ ಪುಟ. ಗೃಹಲಕ್ಷ್ಮಿಯ 2,000 ಕೂಡ ಹಾಗೆಯೇ. ಒಮ್ಮೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಬೀಳುವುದರಿಂದ ನಾವು ಅದನ್ನು ಆಪತ್ತಿನ ಹಣಕ್ಕೆ ಹಾಕುತ್ತೇವೆ.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಸಂಬಳ 24,000, ಹಾಲು 10,000, ಒಟ್ಟು 34,000. ದಿನಸಿ 5,500, ತರಕಾರಿ ಮತ್ತು ಬಾಡು 3,000, ಹಸುವಿನ ಮೇವು 3,800, ಗ್ಯಾಸು ಕರೆಂಟು ಫೋನು 1,700, ಪೆಟ್ರೋಲು 2,000, ಔಷಧಿ 1,000, ಮಕ್ಕಳ ಬಸ್ಸು ನೋಟ್‌ಬುಕ್ಕು 1,000. ಇಲ್ಲಿಗೆ 18,000. ಇದರ ಮೇಲೆ ವರ್ಷದ ಖರ್ಚಿನ ಪಾಲು 3,000 ಸೇರಿ 21,000. ವರ್ಷದ ಖರ್ಚು ಅಂದರೆ ಜೂನ್ ತಿಂಗಳ ಶಾಲೆ ಫೀಸು, ವಿಮೆ, ಗೌರಿ ಗಣೇಶ, ಪಿತೃಪಕ್ಷ, ಯುಗಾದಿ, ಊರ ಮಾರಿಹಬ್ಬ, ಮದುವೆ ಮನೆಗಳ ಮುಯ್ಯಿ. ಇವು ಯಾವುವೂ ಹೇಳದೆ ಬರುವುದಿಲ್ಲ. ಎಲ್ಲ ಕೂಡಿ ಹನ್ನೆರಡರಿಂದ ಭಾಗಿಸಿ ಬರುವ ಮೊತ್ತವನ್ನು ತಿಂಗಳ ಮೊದಲ ವಾರವೇ ಬೇರೆ ಖಾತೆಗೆ ಹಾಕಬೇಕು. ಆ ಖಾತೆಗೆ ಫೋನ್‌ಪೇ, ಗೂಗಲ್‌ಪೇ ಜೋಡಿಸಿರಬಾರದು. ಅಂಚೆ ಕಚೇರಿಯ ಉಳಿತಾಯ ಖಾತೆ ನಮಗೆ ಚೆನ್ನಾಗಿ ಒದಗಿದೆ.

ಉಳಿದದ್ದು 13,000. ಈ ಮನೆಯ ಸಾಲ ಹೀಗಿದೆ: ಕೈಸಾಲ 40,000, ಬಡ್ಡಿ ತಿಂಗಳಿಗೆ 1,200. ಕಾರ್ಡಿನ ಬಾಕಿ 25,000, ಕನಿಷ್ಠ ಕಟ್ಟಬೇಕಾದ್ದು 1,250. ವಾರದ ಸಂಘಕ್ಕೆ ತಿಂಗಳಿಗೆ 2,600. ಒಡವೆ ಸಾಲ 80,000, ವರ್ಷಕ್ಕೆ 12ರಂತೆ ತಿಂಗಳ ಬಡ್ಡಿ 800. ಬೈಕಿನ ಕಂತು 3,200. ಬೆಳೆ ಸಾಲ 60,000. ಅಂಗಡಿ ಉದ್ರಿ 6,500. ಕಟ್ಟಲೇಬೇಕಾದ್ದು 9,050 ಹೋದರೆ ಕೈಯಲ್ಲಿ 3,950. ಅದರಲ್ಲಿ 450 ಅಂಗಡಿಗೆ ಕೊಡುತ್ತಾ, ಇನ್ನು ಮುಂದೆ ನಗದು ಕೊಟ್ಟೇ ಸಾಮಾನು ತರುವುದು. ಮಿಕ್ಕ 3,500 ಎಲ್ಲಿಗೆ ಹೋಗಬೇಕು ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಬೇಡಿ. ಉಳಿದವರಿಗೆ ಕಡ್ಡಾಯದ್ದು ಮಾತ್ರ ಕಟ್ಟಿ, 3,500 ಪೂರ್ತಿ ಒಂದೇ ಸಾಲಕ್ಕೆ ಹಾಕಿ. ಇಲ್ಲಿ ಮೊದಲ ಸರದಿ ಕಾರ್ಡಿನದು, ಏಕೆಂದರೆ ಬಡ್ಡಿ ಅದಕ್ಕೇ ಜಾಸ್ತಿ, ಎಷ್ಟು ಕಟ್ಟಿದರೂ ತೆಗೆದುಕೊಳ್ಳುತ್ತದೆ. ತಿಂಗಳಿಗೆ 1,250 ಮತ್ತು 3,500 ಸೇರಿ 4,750 ಕಟ್ಟಿದರೆ ಆರೇಳು ತಿಂಗಳಲ್ಲಿ ಮುಗಿಯುತ್ತದೆ. ಅಷ್ಟರವರೆಗೆ ಕಾರ್ಡು ಉಜ್ಜಲೇಬಾರದು. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿ ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ.

ಕಾರ್ಡು ತೀರಿದ ಮೇಲೆ ಆ 4,750ಕ್ಕೆ ಕೈಸಾಲದ 1,200 ಸೇರಿಸಿ 5,950 ಕಟ್ಟುತ್ತಾ ಹೋದರೆ ಅಲ್ಲಿಂದ ಎಂಟನೆಯ ತಿಂಗಳಲ್ಲಿ ಕೈಸಾಲವೂ ತೀರುತ್ತದೆ. ಬರೀ ಬಡ್ಡಿ ಕಟ್ಟಿಕೊಂಡು ಕೂತರೆ ಮೂರು ವರ್ಷಕ್ಕೆ 43,200 ಹೋಗಿರುತ್ತದೆ, ಅಸಲು 40,000 ಹಾಗೇ ಇರುತ್ತದೆ.

ಕೈಸಾಲದಲ್ಲಿ ಒಂದು ತೊಡಕಿದೆ. 'ಅಸಲು ಒಟ್ಟಿಗೆ ಕೊಡಿ, ಅಲ್ಲೀತನಕ ಬಡ್ಡಿ ಕೊಡ್ತಾ ಇರಿ' ಅನ್ನುತ್ತಾರೆ. ಸಾಲ ಕೊಟ್ಟವರಿಗೆ ಅದೇ ಲಾಭ. ಕಂತಿನಲ್ಲಿ ಅಸಲು ತೆಗೆದುಕೊಳ್ಳಲು ಒಪ್ಪಿಸಬೇಕು, ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಕೇಳಿದರೆ ಎಷ್ಟೋ ಜನ ಒಪ್ಪುತ್ತಾರೆ. ಕೊಟ್ಟ ಪ್ರತಿ ಸಲವೂ ಪ್ರೋನೋಟಿನ ಹಿಂಬದಿಯಲ್ಲೇ 'ಈ ದಿನ ರೂ. 4,750 ಅಸಲಿಗೆ, ರೂ. 1,200 ಬಡ್ಡಿಗೆ ಜಮೆ' ಎಂದು ಷರಾ ಬರೆಸಿ, ತಾರೀಕು ಹಾಕಿಸಿ, ಅವರ ಸಹಿ ತೆಗೆದುಕೊಂಡು ಫೋಟೊ ಹೊಡೆದುಕೊಳ್ಳಿ. ಬಾಯಿ ಮಾತಿನ ಜಮೆಯನ್ನು ಜನ ಬಡ್ಡಿಯ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಒಪ್ಪದಿದ್ದರೆ ಅಷ್ಟೂ ಹಣವನ್ನು ಬೇರೆ ಖಾತೆಯಲ್ಲಿ ಕೂಡಿಹಾಕಿ ಒಂದೇ ಸಲ ಕೊಟ್ಟು ಮುಗಿಸಿ.

ಬೀರುವಿನಲ್ಲಿ ಒಡವೆ ಇದ್ದರೆ ಅದನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲ ತೀರಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕದ ಪ್ರಕಾರ ಸರಿ, 40,000ಕ್ಕೆ 1,200 ಹೋಗುತ್ತಿದ್ದದ್ದು 400ಕ್ಕೆ ಇಳಿಯುತ್ತದೆ. ಆದರೆ ಉಳಿದ 800 ಅಡುಗೆಮನೆ ಖರ್ಚಿನಲ್ಲಿ ಕರಗಿಹೋಗಿ, ವರ್ಷದೊಳಗೆ ಮತ್ತೊಂದು ಕೈಸಾಲ ಬಂದಿರುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇವೆ. ಆ 800 ತಪ್ಪದೆ ಅಸಲಿಗೆ ಹೋಗುವುದಾದರೆ ಮಾತ್ರ ಮಾಡಿ. ಅಡವಿಡುವಾಗ ಎಲ್ಲವನ್ನೂ ಒಂದೇ ಚೀಟಿಗೆ ಹಾಕಬೇಡಿ. ಬಳೆ ಒಂದು ಸಾಲ, ಓಲೆ ಒಂದು ಸಾಲ ಎಂದು ಬೇರೆ ಬೇರೆ ಮಾಡಿಸಿದರೆ ಸಣ್ಣದನ್ನು ಮೊದಲು ಬಿಡಿಸಿಕೊಳ್ಳಬಹುದು. ಒಡವೆ ಒಂದೊಂದಾಗಿ ಮನೆಗೆ ಬಂದರೆ ಮನೆಯವರ ಹುರುಪೂ ಉಳಿಯುತ್ತದೆ. ಬಡ್ಡಿಯನ್ನು ತಿಂಗಳು ತಿಂಗಳು ಕಟ್ಟಿ, ವರ್ಷದ ಕೊನೆಗೆ ಬಿಟ್ಟರೆ ಹರಾಜಿನ ನೋಟೀಸು ಬಂದಾಗಲೇ ಎಚ್ಚರವಾಗುವುದು.

ಇದೆಲ್ಲ ಶುರು ಮಾಡುವ ಮುಂಚೆ 5,000 ರೂಪಾಯಿ ಆಪತ್ತಿನ ಹಣ ಕೂಡಿರಲಿ. ಸಾಲ ಇರುವಾಗ ಉಳಿತಾಯ ಯಾಕೆ ಅನ್ನಿಸಬಹುದು. ಹಸುವಿಗೆ ಕೆಚ್ಚಲು ಬಾವು ಬಂದರೆ ಔಷಧಿಗೆ ದುಡ್ಡು ಬೇಕು, ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ. ಈ ಹಣ ಇಲ್ಲದಿದ್ದರೆ ಅವತ್ತೇ ನೂರಕ್ಕೆ ಐದರಂತೆ ತರಬೇಕಾಗುತ್ತದೆ.

ಬೆಳೆ ಸಾಲಕ್ಕೆ ಬಡ್ಡಿಯಿಲ್ಲ ಎಂದು ಕೊನೆಗೆ ತಳ್ಳಿದರೂ ಅದರ ವಾಯಿದೆ ತಾರೀಕು ತಪ್ಪಬಾರದು. ಶೂನ್ಯ ಬಡ್ಡಿ ಸಿಗುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಕೈಸಾಲ ತಂದು ಸಹಕಾರ ಸಂಘಕ್ಕೆ ಕಟ್ಟಿ, ಹೊಸ ಸಾಲ ಮಂಜೂರಾದ ಮೇಲೆ ಹಿಂದಿರುಗಿಸುವ ರೂಢಿ ಇದೆಯಲ್ಲ, ಮಂಜೂರಾತಿ ತಡವಾದರೆ ಆ ಕೈಸಾಲವೇ ಕುತ್ತಿಗೆಗೆ ಬರುತ್ತದೆ. ಕಬ್ಬಿನ ದುಡ್ಡಿನ ಪುಟದಲ್ಲಿ ಮೊದಲ ಸಾಲು ಬೆಳೆ ಸಾಲದ್ದು, ಎರಡನೆಯದು ಮುಂದಿನ ಬೆಳೆಯ ಗೊಬ್ಬರ ಮತ್ತು ಕೂಲಿ, ಮೂರನೆಯದು ಆಗ ನಡೆಯುತ್ತಿರುವ ಬಡ್ಡಿ ಸಾಲ. ಹಣ ಕೈಗೆ ಬರುವ ಮುಂಚೆಯೇ ಇದನ್ನು ಬರೆದಿರಬೇಕು.

ಇನ್ನು ಜೊತೆಗೂಡುವ ವಿಷಯ. ವಾರದ ಸಂಘದಲ್ಲಿ ಒಬ್ಬರು ಕಟ್ಟದಿದ್ದರೆ ಎಲ್ಲರೂ ಕಟ್ಟಬೇಕು, ಅದಕ್ಕೇ ಅಲ್ಲಿ ಯಾರೂ ನಿಜ ಹೇಳುವುದಿಲ್ಲ. ನಮ್ಮ ಕೂಟದ ಮೊದಲ ನಿಯಮ, ಒಬ್ಬರಿಗೊಬ್ಬರು ಸಾಲ ಕೊಡುವಂತಿಲ್ಲ, ಜಾಮೀನು ನಿಲ್ಲುವಂತಿಲ್ಲ. ಈ ನಿಯಮ ಇದ್ದರೆ ಮಾತ್ರ ಬಾಯಿ ಬಿಚ್ಚುತ್ತಾರೆ. ಆರು ಮನೆಗಿಂತ ಹೆಚ್ಚು ಬೇಡ. ತಿಂಗಳಿಗೊಂದು ಭಾನುವಾರ, ಸಂಬಳ ಬಟವಾಡೆ ಎರಡೂ ಆದ ಮೇಲೆ ಸೇರಿ, ಗಂಡ ಹೆಂಡತಿ ಇಬ್ಬರೂ ಇರಬೇಕು. ಪ್ರತಿ ಮನೆಯವರು ಹೇಳುವುದು ಮೂರೇ ಅಂಕಿ: ಹೋದ ತಿಂಗಳ ಒಟ್ಟು ಬಾಕಿ, ಈ ತಿಂಗಳ ಬಾಕಿ, ಮುಂದಿನ ತಿಂಗಳು ಇಳಿಸುವ ಮೊತ್ತ. ಬಾಕಿ ಏರಿದ್ದರೆ ಬುದ್ಧಿ ಹೇಳುವುದಿಲ್ಲ. 'ಅಕ್ಕ, ಮುಂದಿನ ತಿಂಗಳಿಗೆ ಎಷ್ಟು ಬರಕೊಳ್ಳಲಿ?' ಎಂದು ಕೇಳಿ ಬರೆದುಕೊಳ್ಳುತ್ತೇವೆ. ಸಾವಿರ ಇಳಿಸಿದವರಿಗೂ ಹತ್ತು ಸಾವಿರ ಇಳಿಸಿದವರಿಗೂ ಮರ್ಯಾದೆ ಒಂದೇ. ಕಂತು ಕಟ್ಟಿದ ದಿನ ರಸೀತಿಯ ಫೋಟೊವನ್ನು ವಾಟ್ಸಾಪಿಗೆ ಹಾಕುತ್ತೇವೆ.

ಧೈರ್ಯ ಹೇಳುವುದಕ್ಕಿಂತ ಜೊತೆಗೆ ಹೋಗುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಒಡವೆ ಬಿಡಿಸಲು, ಪ್ರೋನೋಟಿಗೆ ಷರಾ ಹಾಕಿಸಲು ಕೂಟದ ಒಬ್ಬರು ಜೊತೆಗಿರುತ್ತಾರೆ. ಅಕ್ಕಿ, ಬೇಳೆ, ಎಣ್ಣೆಯನ್ನು ಸಗಟು ಅಂಗಡಿಯಿಂದ ಒಟ್ಟಿಗೆ ತಂದು ಹಂಚಿಕೊಳ್ಳುತ್ತೇವೆ. ಯುಗಾದಿಯ ಮಾರನೆಯ ದಿನದ ಹೊಸತೊಡಕಿನ ಬಾಡೂಟಕ್ಕೆ ತಿಂಗಳು ತಿಂಗಳು ಸಣ್ಣ ಚೀಟಿ ಕಟ್ಟುತ್ತೇವೆ. ಮುಯ್ಯಿ ಇಷ್ಟಕ್ಕಿಂತ ಹೆಚ್ಚು ಹಾಕುವುದಿಲ್ಲ ಎಂದು ನಮ್ಮ ನಮ್ಮಲ್ಲಿ ಒಪ್ಪಿಕೊಂಡಿದ್ದೇವೆ. ಒಂದು ಮನೆ ಮಾತ್ರ ಕಡಿಮೆ ಹಾಕಿದರೆ ಮಾತು ಬರುತ್ತದೆ, ಐದು ಮನೆ ಸೇರಿ ಹಾಕಿದರೆ ಅದೇ ಪದ್ಧತಿ ಆಗುತ್ತದೆ.

ವಸೂಲಿಗೆ ಬಂದವರು ಬಾಗಿಲಲ್ಲಿ ಕೂರುವ ಮನೆಗೆ ಇವಿಷ್ಟು ಗೊತ್ತಿರಲಿ. ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಮೈಕ್ರೋಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನು ಮಾಡಿ ಪೀಡಿಸುವಂತಿಲ್ಲ. ಬೈಗುಳ, ಬೆದರಿಕೆ ಕೂಡದು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತೆ ಸಾಲ ಕೊಡಬಾರದು. ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು, ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು. ಕೂಟಕ್ಕೆ ಬರುತ್ತಿದ್ದವರು ಬರುವುದು ನಿಲ್ಲಿಸಿದರೆ, ಫೋನ್ ಎತ್ತದಿದ್ದರೆ, ಅವತ್ತೇ ಮನೆಗೆ ಹೋಗಿ. ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416ಕ್ಕೆ ಜೊತೆಯಲ್ಲೇ ಕೂತು ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ.

ಸಾಲ ತೀರಿದ ದಿನ ಪಟ್ಟಿಯ ಕೊನೆಯ ಕಲಂ ತೆಗೆದು ನೋಡಿ. ಪ್ರೋನೋಟು, ಖಾಲಿ ಚೆಕ್ಕುಗಳನ್ನು ಎಣಿಸಿ ವಾಪಸ್ ತೆಗೆದುಕೊಳ್ಳಿ, ಹರಿದುಹಾಕುವ ಮುಂಚೆ ಎರಡೂ ಬದಿಯ ಫೋಟೊ ಇರಲಿ. ಬ್ಯಾಂಕು, ಸಂಘಗಳಿಂದ ಬೇಬಾಕಿ ಪತ್ರ ಬೇಕು. ಬೈಕಿನದಾದರೆ ಫೈನಾನ್ಸ್‌ನವರ ಪತ್ರ ಮತ್ತು ನಮೂನೆ 35 ಕೊಟ್ಟು ಆರ್‌ಸಿಯಲ್ಲಿರುವ ಅವರ ಹೆಸರು ತೆಗೆಸಬೇಕು. ಬೆಳೆ ಸಾಲ ಪೂರ್ತಿ ತೀರಿಸಿದವರು ಹೊಸ ಪಹಣಿ ತೆಗೆಸಿ ಋಣದ ಕಲಂ ಖಾಲಿಯಾಗಿದೆಯೇ ನೋಡಿಕೊಳ್ಳಿ. ಎರಡು ಮೂರು ತಿಂಗಳು ಬಿಟ್ಟು ಕ್ರೆಡಿಟ್ ವರದಿಯಲ್ಲೂ ಖಾತೆ ಮುಕ್ತಾಯವಾಗಿದೆ ಎಂದು ಬಂದಿರಬೇಕು, ಬಂದಿಲ್ಲದಿದ್ದರೆ ಬೇಬಾಕಿ ಪತ್ರ ಹಚ್ಚಿ ಆ ಸಂಸ್ಥೆಗೇ ಬರೆದು ಸರಿ ಮಾಡಿಸಿ.