ಟಬ್ಬಿನಲ್ಲಿ ಒಂದು ಜನಗಣತಿ

ಹಸು ಸಾಕುವವರ ಹಿತ್ತಲಲ್ಲಿ ಅಜೋಲಾ ತೊಟ್ಟಿ ನೋಡಿರುತ್ತೀರಿ. ನೀರಿನ ಮೇಲೆ ಹಸಿರು ಕಂಬಳಿ ಹೊದಿಸಿದ ಹಾಗೆ ತೇಲುವ ಪುಟ್ಟ ಜರಿಗಿಡ. ಜೀವಿಗಳ ಸಂಖ್ಯೆ ಹೇಗೆ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಮನೆಯಲ್ಲೇ ನೋಡಬೇಕು ಅಂದರೆ ಇದಕ್ಕಿಂತ ಅಗ್ಗದ ದಾರಿ ನನಗಂತೂ ಗೊತ್ತಿಲ್ಲ. ಒಂದು ಅಗಲವಾದ ಟಬ್, ಒಂದು ಹಿಡಿ ಗಿಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ನೋಟ್‌ಬುಕ್. ಸುಮಾರು ಒಂದು ತಿಂಗಳು ಬೇಕು. ಆಮೇಲೆ ಇದೇ ನೋಟ್‌ಬುಕ್ಕಿನಲ್ಲಿ ಮನುಷ್ಯರ ಲೆಕ್ಕವನ್ನೂ ಬರೆಯೋಣ.

ಮೊದಲು ಟಬ್

ಎರಡು ಅಡಿ ಅಗಲದ ಪ್ಲಾಸ್ಟಿಕ್ ಟಬ್ ಸಾಕು. ತಳಕ್ಕೆ ಜರಡಿ ಹಿಡಿದ ಮಣ್ಣು ಎರಡು ಬೊಗಸೆ, ಜೊತೆಗೆ ಒಂದು ಹಿಡಿ ಸಗಣಿಯನ್ನು ನೀರಲ್ಲಿ ಕದಡಿ ಹಾಕಿ. ಮೇಲೆ ನಾಲ್ಕೈದು ಇಂಚು ನೀರು ನಿಲ್ಲಲಿ. ನಲ್ಲಿ ನೀರಾದರೆ ಒಂದು ದಿನ ಹಾಗೇ ಬಿಟ್ಟು ಆಮೇಲೆ ಗಿಡ ಹಾಕಿ. ನಿಂತ ನೀರು ಅಂದಮೇಲೆ ಸೊಳ್ಳೆ ಗ್ಯಾರಂಟಿ, ಹಳೇ ಸೊಳ್ಳೆಪರದೆಯ ತುಂಡು ಕಟ್ಟಿಬಿಡಿ. ಗಿಡ ಸಿಗುವುದು ಕಷ್ಟವಲ್ಲ. ತೊಟ್ಟಿ ಇಟ್ಟಿರುವ ರೈತರು ಕೇಳಿದರೆ ಕೊಡುತ್ತಾರೆ, ಇಲ್ಲವೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಜಾಗ ಮಾತ್ರ ನೆರಳಿನದ್ದೇ ಆಗಬೇಕು. ನಾನು ಮೊದಲ ಸಲ ಏಪ್ರಿಲ್‌ನಲ್ಲಿ ತಾರಸಿ ಮೇಲೆ ಇಟ್ಟಿದ್ದೆ. ಮೂರೇ ದಿನಕ್ಕೆ ಗಿಡ ಕೆಂಪಗಾಯಿತು, ವಾರಕ್ಕೆ ಕರಗಿಹೋಯಿತು. ಎರಡನೇ ಸಲ ಸಪೋಟ ಮರದ ಕೆಳಗೆ ಇಟ್ಟೆ. 20ರಿಂದ 30 ಡಿಗ್ರಿ ಬಿಸಿ ಅದಕ್ಕೆ ಹಿತ.

ಎಣಿಸಬೇಡಿ, ತೂಗಿ

ಒಂದು ಗಿಡವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ. ಉಗುರಿನಷ್ಟೇ ಅಗಲ, ತ್ರಿಕೋನ. ಒಂದರ ಮೇಲೊಂದು ಕೂತ ಹುರುಪೆಯಂಥ ಎಲೆಗಳು, ಕೆಳಗೆ ನೂಲಿನಂಥ ಬೇರು. ಎಲೆಯೊಳಗಿನ ಪೊಳ್ಳಿನಲ್ಲಿ ಅನಬೀನಾ ಎಂಬ ನೀಲಿ-ಹಸಿರು ಪಾಚಿ ಬಾಡಿಗೆಗೆ ಇರುತ್ತದೆ. ಗಾಳಿಯಿಂದ ಸಾರಜನಕ ಹಿಡಿದು ಕೊಡುವುದೇ ಅದು ಕಟ್ಟುವ ಬಾಡಿಗೆ. ಹಾಗಾಗಿ ಸಾರಜನಕಕ್ಕೆ ಅಜೋಲಾ ಪರದಾಡುವುದಿಲ್ಲ. ಅದಕ್ಕೆ ಕೊರತೆ ಬೀಳುವುದು ರಂಜಕ ಮತ್ತು ಜಾಗ.

ಈಗ ಆ ಗಿಡದ ಬದಿಯ ಕವಲನ್ನು ಮೆಲ್ಲಗೆ ಮುಟ್ಟಿ. ಕಳಚಿಕೊಂಡು ಬರುತ್ತದೆ! ಅದು ಇನ್ನೊಂದು ಗಿಡ. ಮುಟ್ಟುವ ಮೊದಲು ಅದು ಒಂದೋ, ಎರಡೋ? ಇದೇ ತಾಪತ್ರಯ. ಅದಕ್ಕೇ ತಲೆ ಎಣಿಸುವ ಬದಲು ತೂಗುವುದು ಒಳ್ಳೆಯದು. ಟೀ ಸೋಸುವ ಜರಡಿಯಲ್ಲಿ ಎತ್ತಿ, ಎರಡು ನಿಮಿಷ ನೀರು ಇಳಿಯಲು ಬಿಟ್ಟು ತೂಗಿ. ಪ್ರತಿ ಸಲವೂ ಅಷ್ಟೇ ಎರಡು ನಿಮಿಷ. ಒಂದು ದಿನ ಒಂದು ನಿಮಿಷ, ಇನ್ನೊಂದು ದಿನ ಐದು ನಿಮಿಷ ಅಂದರೆ ನೀವು ತೂಗಿದ್ದು ನೀರನ್ನು, ಗಿಡವನ್ನಲ್ಲ.

ಹತ್ತು ಗ್ರಾಂನಿಂದ ಶುರು ಮಾಡಿ. ನಾಲ್ಕು ದಿನಕ್ಕೊಮ್ಮೆ ತೂಕ ಬರೆಯಿರಿ.

ಭಾಗಿಸಿ ನೋಡಿ

ಎಲ್ಲ ಸರಿಯಿದ್ದರೆ ಅಜೋಲಾ ಮೂರರಿಂದ ಐದು ದಿನದಲ್ಲಿ ಇಮ್ಮಡಿಯಾಗುತ್ತದೆ. ಲೆಕ್ಕಕ್ಕೆ ನಾಲ್ಕು ದಿನ ಅಂದುಕೊಳ್ಳಿ. 10 ಗ್ರಾಂ ಇದ್ದದ್ದು 4ನೇ ದಿನಕ್ಕೆ 20, 8ಕ್ಕೆ 40, 12ಕ್ಕೆ 80, 16ಕ್ಕೆ 160, 20ಕ್ಕೆ 320. ಟಬ್ಬಿಗೆ ಹಿಡಿಸುವುದೇ 320 ಗ್ರಾಂ ಅಂತಿಟ್ಟುಕೊಳ್ಳಿ. 12ನೇ ದಿನ ನೋಡಿದವರ ಕಣ್ಣಿಗೆ ಮುಕ್ಕಾಲು ಪಾಲು ಬರೀ ನೀರೇ. ‘ಇನ್ನೂ ಬೇಕಾದಷ್ಟು ಜಾಗ ಇದೆ’ ಅಂತ ಅನ್ನಿಸುತ್ತದೆ. ಉಳಿದಿರುವುದು ಮಾತ್ರ ಎಂಟೇ ದಿನ.

ನಾನೂ ಹಾಗೇ ಅಂದುಕೊಂಡು ಮದುವೆ ಮನೆಗೆ ಹೋಗಿದ್ದೆ. ವಾರ ಕಳೆದು ಬಂದರೆ ಟಬ್ ತುಂಬಿ, ಗಿಡದ ಮೇಲೆ ಗಿಡ ಏರಿ ಕೂತಿತ್ತು. ಕೆಳಗಿನದ್ದು ಕಂದಾಗಿ ಕೊಳೆತ ವಾಸನೆ ಬೇರೆ.

ನೋಟ್‌ಬುಕ್ಕಿನಲ್ಲಿ ತೂಕದ ಪಕ್ಕ ಇನ್ನೊಂದು ಕಾಲಂ ಹಾಕಿ. ಇವತ್ತಿನ ತೂಕವನ್ನು ಹಿಂದಿನ ಸಲದ ತೂಕದಿಂದ ಭಾಗಿಸಿ. ಮೊದಮೊದಲು 2ರ ಆಸುಪಾಸಿನಲ್ಲಿ ಬರುತ್ತದೆ. ಆಮೇಲೊಂದು ದಿನ 1.7, ಮುಂದೆ 1.3, ಹೀಗೆ ಇಳಿಯುತ್ತಾ 1ರ ಹತ್ತಿರ ಬಂದು ಕೂರುತ್ತದೆ. ತೂಕದ ಕಾಲಂ ನೋಡಿದವರಿಗೆ ಟಬ್ ಇನ್ನೂ ಜೋರಾಗಿ ಬೆಳೆಯುತ್ತಿದೆ ಅನ್ನಿಸುತ್ತಿರುವಾಗಲೇ ಈ ಎರಡನೇ ಕಾಲಂ ಇಳಿಯಲು ಶುರುವಾಗಿರುತ್ತದೆ. ನನ್ನ ಪ್ರಕಾರ ಇಡೀ ಪ್ರಯೋಗದಲ್ಲಿ ನೋಡಬೇಕಾದ್ದು ಇದೊಂದೇ.

1798ರಲ್ಲಿ ಇಂಗ್ಲೆಂಡಿನ ಮಾಲ್ತಸ್ ಬರೆದದ್ದು ಈ ಇಮ್ಮಡಿಯ ಓಟದ ಬಗ್ಗೆ. ಜನ ಗುಣಾಕಾರದಲ್ಲಿ ಹೆಚ್ಚುತ್ತಾರೆ, ಆಹಾರ ಬರೀ ಕೂಡಿಕೆಯಲ್ಲಿ ಹೆಚ್ಚುತ್ತದೆ ಎಂಬುದು ಅವನ ಭಯ. 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ವರ್‌ಹುಲ್ಸ್ಟ್ ಆ ಲೆಕ್ಕಕ್ಕೆ ಟಬ್ಬಿನ ಅಂಚನ್ನೂ ಸೇರಿಸಿದ. ತೂಕವನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ, ಮೊದಲು ಮಲಗಿ, ಆಮೇಲೆ ಎದ್ದು, ಕೊನೆಗೆ ಮತ್ತೆ ಮಲಗುವ ಅವನ ಗೆರೆ ನಿಮಗೂ ಸಿಗುತ್ತದೆ.

ಜಾಗ ಇದ್ದರೆ ಎರಡನೇ ಟಬ್ ಇಡಿ. ಅದು ಅರ್ಧ ತುಂಬಿದ ಮೇಲೆ, ಪ್ರತಿ ಸಲ ತೂಗಿದಾಗಲೂ ಹೆಚ್ಚಾದದ್ದನ್ನು ತೆಗೆದು ಮತ್ತೆ ಅರ್ಧಕ್ಕೇ ತನ್ನಿ. ತೆಗೆದದ್ದರ ತೂಕ ಬರೆದಿಡಿ. ಮೊದಲ ಟಬ್ ತುಂಬಿ ಸುಮ್ನೆ ಕೂತಿರುತ್ತದೆ, ಎರಡನೆಯದು ಕೊಡುತ್ತಲೇ ಇರುತ್ತದೆ. ತೀರಾ ಕಡಿಮೆ ಇದ್ದರೆ ಮರಿ ಹಾಕುವ ಗಿಡವಿಲ್ಲ, ತೀರಾ ಜಾಸ್ತಿ ಇದ್ದರೆ ಮರಿಗೆ ಜಾಗವಿಲ್ಲ. ನಡುವೆ ಬೆಳೆ ಹೆಚ್ಚು. ರೈತರು ತೊಟ್ಟಿಯಿಂದ ದಿನಾ ಸ್ವಲ್ಪ ತೆಗೆಯುವುದು ಇದಕ್ಕೇ. ತೆಗೆದದ್ದನ್ನು ಸಗಣಿ ವಾಸನೆ ಹೋಗುವ ಹಾಗೆ ತೊಳೆದು ಹಸುವಿಗೋ ಕೋಳಿಗೋ ಹಾಕಿ. ಕೆರೆಗೆ ಮಾತ್ರ ಸುರಿಯಬೇಡಿ. ನೇರಳೆ ಹೂವಿನ ಅಂತರಗಂಗೆ ನಮ್ಮ ಕೆರೆಗಳನ್ನು ಏನು ಮಾಡಿದೆ ಅಂತ ನೋಡಿದ್ದೀರಲ್ವಾ?

ಈಗ ಮನುಷ್ಯರ ಲೆಕ್ಕ

ಅದೇ ಎರಡು ಕಾಲಂ. ತೂಕದ ಜಾಗದಲ್ಲಿ ಕರ್ನಾಟಕದ ಗಣತಿ ಅಂಕಿ ಬರೆಯಿರಿ. 1971ರಲ್ಲಿ 2.93 ಕೋಟಿ, 1981ರಲ್ಲಿ 3.71, 1991ರಲ್ಲಿ 4.50, 2001ರಲ್ಲಿ 5.29, 2011ರಲ್ಲಿ 6.11. ಮೊದಲ ಕಾಲಂ ಏರುತ್ತಲೇ ಇದೆ. ಈಗ ಭಾಗಿಸಿ: 1.27, 1.21, 1.18, 1.16. ನಾಲ್ಕು ದಶಕದಿಂದ ಇಳಿಯುತ್ತಲೇ ಬಂದಿದೆ!

ಇನ್ನೊಂದು ಸುಲಭದ ಲೆಕ್ಕ ಇಟ್ಟುಕೊಳ್ಳಿ. ವರ್ಷಕ್ಕೆ ಶೇಕಡಾ ಎಷ್ಟು ಬೆಳೆಯುತ್ತದೋ ಅದರಿಂದ 70ನ್ನು ಭಾಗಿಸಿದರೆ ಇಮ್ಮಡಿಯಾಗುವ ವರ್ಷ ಸಿಗುತ್ತದೆ. ಎಪ್ಪತ್ತರ ದಶಕದಲ್ಲಿ ನಮ್ಮ ವೇಗ ವರ್ಷಕ್ಕೆ ಸುಮಾರು ಶೇ 2.4, ಅಂದರೆ 29 ವರ್ಷ. ಕೊನೆಯ ದಶಕದಲ್ಲಿ ಸುಮಾರು ಶೇ 1.45, ಅಂದರೆ 48 ವರ್ಷ.

ಹೋಲಿಕೆ ಇಲ್ಲಿಗೆ ಮುಗಿಯಿತು. ಅಜೋಲಾ ನಿಧಾನವಾದದ್ದು ಟಬ್ ತುಂಬಿದ್ದಕ್ಕೆ. ನಾವು ನಿಧಾನವಾದದ್ದು ಅನ್ನ ಸಾಲದೆ ಅಲ್ಲ. ಹೆಣ್ಣುಮಕ್ಕಳು ಓದಿದರು, ಮದುವೆ ತಡವಾಯಿತು, ಹುಟ್ಟಿದ ಮಕ್ಕಳು ಉಳಿಯತೊಡಗಿದ ಮೇಲೆ ಎರಡು ಸಾಕು ಅನ್ನಿಸಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗವನ್ನು ಮುಂದಿನದು ತುಂಬಬೇಕಾದರೆ ಸುಮಾರು 2.1 ಬೇಕು. ಇಷ್ಟಾದರೂ ಜನಸಂಖ್ಯೆ ಥಟ್ಟನೆ ಇಳಿಯುವುದಿಲ್ಲ. ಹಿಂದೆ ಜಾಸ್ತಿ ಹುಟ್ಟಿದ್ದ ಮಕ್ಕಳೇ ಈಗಿನ ಅಪ್ಪ ಅಮ್ಮಂದಿರು. ಒಬ್ಬೊಬ್ಬರಿಗೆ ಮಕ್ಕಳು ಕಡಿಮೆ, ಆದರೆ ಹೆರುವವರು ಜಾಸ್ತಿ.

ಇನ್ನೊಂದು ವ್ಯತ್ಯಾಸವೂ ಇದೆ. ಟಬ್ಬಿಗೆ ಹೊರಗಿನಿಂದ ಯಾರೂ ಬರುವುದಿಲ್ಲ. ಊರಿಗೆ ಬರುತ್ತಾರೆ, ಊರಿಂದ ಹೋಗುತ್ತಾರೆ. 2001ರಿಂದ 2011ರೊಳಗೆ ಬೆಂಗಳೂರು ನಗರ ಜಿಲ್ಲೆ ಶೇ 47ರಷ್ಟು ಬೆಳೆಯಿತು. ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನ ಸ್ವಲ್ಪ ಕಡಿಮೆಯೇ ಆದರು. ಹಾಗಾಗಿ ಮನುಷ್ಯರ ಪುಟಕ್ಕೆ ನಾಲ್ಕು ಕಾಲಂ ಬೇಕು: ಹುಟ್ಟಿದವರು, ಸತ್ತವರು, ಬಂದವರು, ಹೋದವರು.

ಸಾವಿನ ಕಾಲಂ ಒಂದೇ ಇಡೀ ಲೆಕ್ಕವನ್ನು ಹಿಂದಕ್ಕೆ ಎಳೆದದ್ದೂ ಇದೆ. 1911ರಲ್ಲಿ ಈಗಿನ ಭಾರತದಷ್ಟು ಜಾಗದಲ್ಲಿ 25.2 ಕೋಟಿ ಜನ ಇದ್ದರು, 1921ರಲ್ಲಿ 25.1 ಕೋಟಿ. ನಡುವೆ ಬಂದದ್ದು 1918ರ ಇನ್‌ಫ್ಲುಯೆಂಜಾ.

ನಿಮ್ಮ ಮನೆಯ ಪುಟ

ಕೊನೆಯ ಹೆಜ್ಜೆಗೆ ಮನೆಯ ಹಿರಿಯರ ಹತ್ತಿರ ಕೂರಬೇಕು. ಅಜ್ಜಿ, ಅಮ್ಮ, ನೀವು, ಮೂರು ಸಾಲು. ಪ್ರತಿ ಸಾಲಿನಲ್ಲೂ ಹುಟ್ಟಿದ ಮಕ್ಕಳೆಷ್ಟು, ಐದು ವರ್ಷ ದಾಟಿದವರೆಷ್ಟು, ಈಗ ಊರಲ್ಲೇ ಇರುವವರೆಷ್ಟು ಅಂತ ಬರೆಯಿರಿ. ಒಂದು ಕಿವಿಮಾತು: ‘ನಿಮಗೆ ಎಷ್ಟು ಮಕ್ಕಳು’ ಅಂತ ಕೇಳಬೇಡಿ, ‘ಎಷ್ಟು ಬಾಣಂತನ ಆಯ್ತು’ ಅಂತ ಕೇಳಿ. ನಮ್ಮಜ್ಜಿ ಮೊದಲನೇ ಪ್ರಶ್ನೆಗೆ ‘ಆರು’ ಅಂದಿದ್ದರು. ಎರಡನೆಯದಕ್ಕೆ ಬೆರಳು ಮಡಚುತ್ತಾ ಎಂಟಕ್ಕೆ ಬಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಬೆರಳು ಮಡಚಿದರು. ‘ಅದಕ್ಕೆ ಹೆಸರೂ ಇಟ್ಟಿರ್ಲಿಲ್ಲ ಕಣೋ. ಅದನ್ನೂ ಬರ್ಕೋತೀಯಾ?’

ಬರೆದುಕೊಂಡೆ. ಹುಟ್ಟಿದವರು 9, ಐದು ದಾಟಿದವರು 6, ಊರಲ್ಲಿ ಇರುವವರು 1.