ಪೋರ್ಟಬಲ್ ಡ್ಯಾಕ್-ಆಂಪ್: ಚಿಪ್ಪಿನ ಹೆಸರಿಗೆ ಮುಂಚೆ ವೋಲ್ಟ್ ಲೆಕ್ಕ

ಫೋನಿಗೂ ಹೆಡ್‌ಫೋನಿಗೂ ನಡುವೆ ಸಿಕ್ಕಿಸುವ ಪುಟ್ಟ ಉಪಕರಣ, ಅಂದರೆ ಡ್ಯಾಕ್-ಆಂಪ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಒಳಗೆ ಯಾವ ಚಿಪ್ ಇದೆ ಅಂತ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಇವತ್ತು ಸಾಧಾರಣ ಬೆಲೆಯ ಡಾಂಗಲ್‌ನಲ್ಲೂ ಡ್ಯಾಕ್ ಚಿಪ್ ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಕೆಲಸ ಕೆಡುವುದು ಬೇರೆ ಕಡೆ: ಹೆಡ್‌ಫೋನಿಗೆ ವೋಲ್ಟೇಜ್ ಸಾಲುವುದಿಲ್ಲ, ಇಯರ್‌ಫೋನಿಗೆ ಆಂಪಿನ ಔಟ್‌ಪುಟ್ ಇಂಪೀಡೆನ್ಸ್ (ಒಳಗಿನ ತಡೆ) ಜಾಸ್ತಿಯಾಗುತ್ತದೆ, ಇಲ್ಲವೇ ಫೋನು ಹಾಡನ್ನು ಡ್ಯಾಕ್‌ಗೆ ತಲುಪಿಸುವ ಮೊದಲೇ ಬದಲಾಯಿಸಿಬಿಡುತ್ತದೆ.

ಡ್ಯಾಕ್ ಅಂಕಿಗಳನ್ನು ವೋಲ್ಟೇಜ್ ಆಗಿ ಮಾಡುತ್ತದೆ, ಆಂಪ್ ಆ ವೋಲ್ಟೇಜಿನ ಹಿಂದೆ ಕರೆಂಟು ಒದಗಿಸುತ್ತದೆ. ಬೆರಳುದ್ದದ ಡಾಂಗಲ್ ಫೋನಿನ ಬ್ಯಾಟರಿಯಿಂದಲೇ ನಡೆಯುತ್ತದೆ. ಸ್ವಂತ ಬ್ಯಾಟರಿಯ ಡಬ್ಬಿ ದಪ್ಪ, ಆದರೆ ಫೋನಿಗೆ ಹೊರೆಯಲ್ಲ. ಯಾವುದು ಬೇಕು ಅನ್ನುವುದನ್ನು ಹೆಡ್‌ಫೋನೇ ಹೇಳುತ್ತದೆ.

ಹೆಡ್‌ಫೋನಿನ ಡಬ್ಬದ ಮೇಲೆ ಎರಡು ಅಂಕಿ ಹುಡುಕಿ: ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಎಷ್ಟು ಓಂ, ಸೆನ್ಸಿಟಿವಿಟಿ (ಇಷ್ಟು ಕೊಟ್ಟರೆ ಎಷ್ಟು ಜೋರು ಅನ್ನುವುದು) ಎಷ್ಟು ಡೆಸಿಬೆಲ್. ಈ ಎರಡನೆಯದರಲ್ಲಿ ಒಂದು ಮೋಸ ಅಡಗಿದೆ. ಕೆಲವು ಕಂಪನಿಗಳು 1 ಮಿಲಿವ್ಯಾಟ್‌ಗೆ ಎಷ್ಟು ಅಂತ ಹೇಳುತ್ತವೆ, ಕೆಲವು 1 ವೋಲ್ಟ್‌ಗೆ ಎಷ್ಟು ಅಂತ. ವೋಲ್ಟಿನ ಲೆಕ್ಕದಲ್ಲಿ ಬರೆದರೆ ಅಂಕಿ ದೊಡ್ಡದಾಗಿ ಕಾಣುತ್ತದೆ. 300 ಓಂ ಹೆಡ್‌ಫೋನಿಗೆ ಎರಡರ ನಡುವಿನ ವ್ಯತ್ಯಾಸ ಸುಮಾರು 5 ಡೆಸಿಬೆಲ್, 32 ಓಂಗೆ 15, 16 ಓಂಗೆ 18. ಹೋಲಿಸುವ ಮುಂಚೆ ಎರಡನ್ನೂ ಒಂದೇ ಅಳತೆಗೆ ತನ್ನಿ, ಇಲ್ಲದಿದ್ದರೆ ಲೆಕ್ಕ ಪೂರಾ ತಪ್ಪುತ್ತದೆ.

ಎಷ್ಟು ಜೋರು ಬೇಕು? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಚೆನ್ನಾಗಿ ಮುದ್ರಿಸಿದ ಸಂಗೀತದಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರುವುದು ಮಾಮೂಲಿ. ಇನ್ನೊಂದು 10 ಕೈಯಲ್ಲಿ ಇಟ್ಟುಕೊಂಡು ನಾನು 110 ಡೆಸಿಬೆಲ್ ಶಿಖರಕ್ಕೆ ಲೆಕ್ಕ ಹಾಕುತ್ತೇನೆ. ಅಷ್ಟು ಜೋರಾಗಿ ಕೇಳಲಿಕ್ಕಲ್ಲ, ಪೆಟ್ಟಿನ ತುದಿ ಕತ್ತರಿಸಿಹೋಗದಿರಲಿ ಅಂತ.

ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ, 250 ಓಂ ಮಾದರಿಯನ್ನೇ ತೆಗೆದುಕೊಳ್ಳಿ. 1 ಮಿಲಿವ್ಯಾಟ್‌ಗೆ 96 ಡೆಸಿಬೆಲ್. 110 ಮುಟ್ಟಲು ಇನ್ನೂ 14 ಬೇಕು, ಅಂದರೆ 25 ಮಿಲಿವ್ಯಾಟ್. 250 ಓಂನಲ್ಲಿ ಅದಕ್ಕೆ 2.5 ವೋಲ್ಟ್ ಬೇಕು, ಕರೆಂಟು ಬರೀ 10 ಮಿಲಿಆಂಪಿಯರ್. ಇದಕ್ಕೆ 1 ವೋಲ್ಟ್ ಕೊಡುವ ಡಾಂಗಲ್ ಹಾಕಿದರೆ ಶಿಖರ 102ಕ್ಕೆ ನಿಲ್ಲುತ್ತದೆ, 2 ವೋಲ್ಟಿನದ್ದಾದರೆ 108. ನನ್ನ ಪ್ರಕಾರ 2 ವೋಲ್ಟ್ ಇದಕ್ಕೆ ಧಾರಾಳ ಸಾಕು. ಉಳಿದ 2 ಡೆಸಿಬೆಲ್‌ಗೋಸ್ಕರ ದುಪ್ಪಟ್ಟು ದುಡ್ಡು ಕೊಡುವ ಅಗತ್ಯ ಕಾಣುವುದಿಲ್ಲ.

ಪ್ಲೇನಾರ್, ಅಂದರೆ ಚಪ್ಪಟೆ ಪೊರೆಯ ಹೆಡ್‌ಫೋನುಗಳ ಕಥೆ ತಿರುಗುಮುರುಗು. 37 ಓಂ, ಮಿಲಿವ್ಯಾಟ್‌ಗೆ 94 ಡೆಸಿಬೆಲ್ ಇರುವ ಒಂದಕ್ಕೆ 40 ಮಿಲಿವ್ಯಾಟ್ ಬೇಕು. ವೋಲ್ಟ್ 1.2 ಸಾಕು, ಆದರೆ ಕರೆಂಟು 33 ಮಿಲಿಆಂಪಿಯರ್‌ಗೆ ಏರುತ್ತದೆ. ಹೈಫೈಮ್ಯಾನ್ ಎಚ್‌ಇ-6ರಂಥ 83.5 ಡೆಸಿಬೆಲ್‌ನ ಭಾರಿ ಆಸಾಮಿಗೆ 450 ಮಿಲಿವ್ಯಾಟ್ ಹತ್ತಿರ ಬೇಕು. ಡಾಂಗಲ್ ಮಾತು ಅಲ್ಲಿಗೆ ಮುಗಿಯಿತು. 16 ಓಂ, 105 ಡೆಸಿಬೆಲ್‌ನ ಇಯರ್‌ಫೋನಿಗಾದರೋ ಕಾಲು ವೋಲ್ಟೂ ಬೇಡ.

ಜಾಹೀರಾತಿನಲ್ಲಿ "32 ಓಂಗೆ 130 ಮಿಲಿವ್ಯಾಟ್" ಅಂತಿದ್ದರೆ ಅದನ್ನು ಬಿಡಿಸಿ ನೋಡಿ. ಅದು ಸುಮಾರು 2 ವೋಲ್ಟ್. ಅದೇ ಡಬ್ಬಿ 300 ಓಂಗೆ ಕೊಡುವುದು 14 ಮಿಲಿವ್ಯಾಟ್ ಅಷ್ಟೇ. ದೊಡ್ಡ ಮಿಲಿವ್ಯಾಟ್ ಅಂಕಿ ನೋಡಿ, ಸೆನ್ಸಿಟಿವಿಟಿ ಕಡಿಮೆಯಿರುವ 300 ಓಂ ಹೆಡ್‌ಫೋನಿಗೆ ಅಂತ ಕೊಂಡವರಿಗೆ ಸದ್ದು ಸಾಲದೆ ಹೋಗುವುದು ಇದರಿಂದಲೇ. ಇನ್ನೊಂದು ಮಾತು: ಆಪಲ್‌ನ ಟೈಪ್-ಸಿ ಡಾಂಗಲ್ ಅಮೆರಿಕದ ಆವೃತ್ತಿಯಲ್ಲಿ 1 ವೋಲ್ಟ್, ಯುರೋಪಿನದ್ದರಲ್ಲಿ 0.5 ವೋಲ್ಟ್. ವಿದೇಶದಿಂದ ಬರುವ ನೆಂಟರ ಕೈಲಿ ತರಿಸುವುದಾದರೆ ಯಾವ ದೇಶದ್ದು ಅಂತ ಕೇಳಿಯೇ ತರಿಸಿ.

ಅಂಕಿಯನ್ನು ನಂಬುವ ಬದಲು ಅಳೆಯುವುದು ನನ್ನ ಕ್ರಮ. ಖರ್ಚು ಹೆಚ್ಚಿಲ್ಲ: ಹಳೆಯ 3.5 ಮಿ.ಮೀ. ಆಕ್ಸ್ ಕೇಬಲ್ ಒಂದು, 33 ಓಂ ಅರ್ಧ ವ್ಯಾಟ್ ರೆಸಿಸ್ಟರ್ ಒಂದು, ಮಲ್ಟಿಮೀಟರ್ ಒಂದು. ಬೆಂಗಳೂರಿನವರಿಗೆ ಎಸ್.ಪಿ. ರೋಡಿನಲ್ಲಿ ಒಂದೇ ಓಣಿಯಲ್ಲಿ ಎಲ್ಲವೂ ಸಿಗುತ್ತದೆ. ಆದರೆ ಎಲ್ಲಕ್ಕಿಂತ ಅಗ್ಗದ ಹಳದಿ ಮೀಟರ್ ಇದಕ್ಕೆ ಬಾರದು. ಅದರ ಎಸಿ ರೇಂಜ್ 200 ವೋಲ್ಟಿನಿಂದ ಶುರುವಾಗುತ್ತದೆ, ಹತ್ತನೇ ಒಂದು ವೋಲ್ಟಿಗಿಂತ ಸಣ್ಣದು ಅದಕ್ಕೆ ಕಾಣುವುದಿಲ್ಲ. ಎಸಿಯಲ್ಲಿ 2 ವೋಲ್ಟ್ ರೇಂಜ್ ಇರುವುದನ್ನೋ ಆಟೋ ರೇಂಜ್ ಇರುವುದನ್ನೋ ತೆಗೆದುಕೊಳ್ಳಿ.

ಆಕ್ಸ್ ಕೇಬಲ್ ಕತ್ತರಿಸಿದರೆ ಮೂರು ತಂತಿ: ತುದಿಯದು ಎಡ, ನಡುವಿನ ಉಂಗುರದ್ದು ಬಲ, ಬುಡದ್ದು ಗ್ರೌಂಡ್. ತೆಳು ಕೇಬಲ್ಲಿನ ತಂತಿಗೆ ಬಣ್ಣದ ಇನಾಮಲ್ ಲೇಪ ಇರುತ್ತದೆ. ಅದನ್ನು ಬ್ಲೇಡಿನಲ್ಲಿ ಕೆರೆದೋ ಬಿಸಿ ಸೋಲ್ಡರಿನಲ್ಲಿ ಸುಟ್ಟೋ ತೆಗೆಯದಿದ್ದರೆ ಮೀಟರು ಸೊನ್ನೆಯನ್ನೇ ತೋರಿಸುತ್ತದೆ. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ 100 ಹರ್ಟ್ಸ್ ಸೈನ್ ತರಂಗ ತಯಾರಿಸಿ, ಆಂಪ್ಲಿಟ್ಯೂಡ್ 1 ಇಡಿ (ತಾನಾಗಿ 0.8 ಇರುತ್ತದೆ, ಬದಲಾಯಿಸಬೇಕು), ವೇವ್ ಫೈಲ್ ಮಾಡಿ ಫೋನಿಗೆ ಹಾಕಿ. 1000 ಹರ್ಟ್ಸ್ ಬೇಡ, ಸಾಮಾನ್ಯ ಮೀಟರುಗಳು 400 ಹರ್ಟ್ಸ್ ಆಚೆ ಸುಳ್ಳು ಹೇಳತೊಡಗುತ್ತವೆ. ಹೆಡ್‌ಫೋನ್ ಕಿತ್ತಿಟ್ಟು, ವಾಲ್ಯೂಮ್ ಪೂರ್ತಿ ಏರಿಸಿ, ಎಡ ತಂತಿಗೂ ಗ್ರೌಂಡಿಗೂ ನಡುವೆ ಎಸಿ ವೋಲ್ಟ್ ಓದಿ. ಆಮೇಲೆ ಅದೇ ಎರಡು ತಂತಿಗೆ 33 ಓಂ ಅಡ್ಡ ಹಾಕಿ ಮತ್ತೆ ಓದಿ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ, 1 ಕಳೆದು, 33ರಿಂದ ಗುಣಿಸಿದರೆ ಔಟ್‌ಪುಟ್ ಇಂಪೀಡೆನ್ಸ್ ಬಂತು. 1.00 ಇದ್ದದ್ದು 0.97ಕ್ಕೆ ಇಳಿದರೆ ಸುಮಾರು 1 ಓಂ, ಒಳ್ಳೆಯ ಡಾಂಗಲ್.

ಇಳಿತ ಅರ್ಧದಷ್ಟಿದ್ದರೆ ಗಾಬರಿ ಬೀಳಬೇಡಿ. ಕೆಲವು ಉಪಕರಣಗಳು ಪ್ಲಗ್ ಹಾಕಿದ ಕ್ಷಣದಲ್ಲೇ ಆಚೆ ಎಷ್ಟು ಓಂ ಇದೆ ಅಂತ ಅಳೆದು ತಾವೇ ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಬದಲಿಸಿಕೊಳ್ಳುತ್ತವೆ. ಹಾಗನ್ನಿಸಿದರೆ ಮೊದಲು 330 ಓಂ ಕಟ್ಟಿ ಪ್ಲಗ್ ಹಾಕಿ, ಓದಿ, ಪ್ಲಗ್ ಕೀಳದೆ 33 ಓಂ ಅನ್ನು ಪಕ್ಕಕ್ಕೆ ಸೇರಿಸಿ ನೋಡಿ. ಹೇಗೂ ಮೀಟರು ಕೈಲಿದೆ, ಹಾಡು ನಿಲ್ಲಿಸಿ ಡಿಸಿ ಮಿಲಿವೋಲ್ಟ್ (ಹಾಡಿಲ್ಲದಾಗಲೂ ಸೋರುವ ವೋಲ್ಟೇಜ್) ಕೂಡ ಓದಿಬಿಡಿ. ನಾಲ್ಕೈದು ಮಿಲಿವೋಲ್ಟ್ ಇದ್ದರೆ ಏನಿಲ್ಲ. 30ರ ಆಚೆ ಹೋದರೆ ಆ ಡಬ್ಬಿಗೆ ನಾನು ಇಯರ್‌ಫೋನ್ ಹಾಕುವುದಿಲ್ಲ.

ಔಟ್‌ಪುಟ್ ಇಂಪೀಡೆನ್ಸ್‌ಗೆ ಇಷ್ಟು ಒದ್ದಾಡುವುದು ಯಾಕೆಂದರೆ, ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಲೋಹದ ಪಟ್ಟಿ ಅದುರಿ ಸದ್ದು ಮಾಡುವ ಬಗೆಯ) ಇಯರ್‌ಫೋನುಗಳ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ. ಮಂದ್ರದಲ್ಲಿ 10 ಓಂ, ಮೇಲೆ ಒಂದು ಕಡೆ 40 ಓಂ ಅಂತಿಟ್ಟುಕೊಳ್ಳಿ. ಆಂಪ್ 1 ಓಂನದಾದರೆ ಎರಡರ ನಡುವೆ ಬೀಳುವ ವ್ಯತ್ಯಾಸ 0.6 ಡೆಸಿಬೆಲ್, ಕಿವಿಗೆ ಗೊತ್ತಾಗುವುದಿಲ್ಲ. ಆಂಪ್ 10 ಓಂನದಾದರೆ ವ್ಯತ್ಯಾಸ 4 ಡೆಸಿಬೆಲ್ ದಾಟುತ್ತದೆ. ಗಾಯಕರ ದನಿಯ ಬಣ್ಣವೇ ಬದಲಾಗುತ್ತದೆ, ಜನ ಅದನ್ನು "ಚಿಪ್ಪಿನ ಗುಣ" ಅಂದುಕೊಳ್ಳುತ್ತಾರೆ. ಆಂಪಿನ ಇಂಪೀಡೆನ್ಸ್ ಹೆಡ್‌ಫೋನಿನದರ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನುವ ರೂಢಿ ಇದೆ, ಸಾಕು.

ಇಯರ್‌ಫೋನಿನ ಇನ್ನೊಂದು ಕಾಟ ಹಿಸ್ ಶಬ್ದ. 16 ಓಂ, 105 ಡೆಸಿಬೆಲ್‌ನದಕ್ಕೆ ಆಂಪಿನ 20 ಮೈಕ್ರೋವೋಲ್ಟ್ ಗದ್ದಲವೇ 29 ಡೆಸಿಬೆಲ್ ಆಗುತ್ತದೆ, ರಾತ್ರಿ ಹೊತ್ತು ಹಾಡಿನ ನಡುವೆ ಸ್ಪಷ್ಟವಾಗಿ ಕೇಳುತ್ತದೆ. 5 ಮೈಕ್ರೋವೋಲ್ಟ್‌ಗೆ ಇಳಿದರೆ ಇಲ್ಲವೇ ಇಲ್ಲ ಅನ್ನಬಹುದು. ಗೇನ್ ಗುಂಡಿ ಇದ್ದರೆ ಇಯರ್‌ಫೋನಿಗೆ ಯಾವಾಗಲೂ ಲೋ. ವಾಲ್ಯೂಮಿಗೆ ತಿರುಗುವ ಗುಂಡಿ ಇರುವ ಡಬ್ಬಿಯಾದರೆ ಆಕಾಶವಾಣಿಯ ಹಳೆಯ ಮೋನೋ ಮುದ್ರಿಕೆ ಯಾವುದಾದರೂ ಹಾಕಿ, ಕನಿಷ್ಠ ವಾಲ್ಯೂಮಿನಲ್ಲಿ ಕೇಳಿ. ದನಿ ತಲೆಯ ನಟ್ಟನಡುವೆ ಇರದೆ ಒಂದು ಕಿವಿಯ ಕಡೆ ವಾಲಿದರೆ ಪೊಟೆನ್ಷಿಯೋಮೀಟರಿನ ಎರಡು ಪಟ್ಟಿಗಳು ತಾಳೆಯಾಗುತ್ತಿಲ್ಲ. ಫೋನಿನಲ್ಲಿ ಸ್ವಲ್ಪ ಇಳಿಸಿ, ಗುಂಡಿಯನ್ನು ಒಂಬತ್ತು ಗಂಟೆಯಿಂದ ಮೇಲೆ ತಂದರೆ ಸರಿಹೋಗುತ್ತದೆ. ಡಿಜಿಟಲ್ಲಾಗಿ ಇಳಿಸಿದರೆ ಗುಣಮಟ್ಟ ಹೋಗುತ್ತದೆ ಅನ್ನುವ ಭಯ ಅತಿಯಾದದ್ದು. 6 ಡೆಸಿಬೆಲ್‌ಗೆ ಒಂದು ಬಿಟ್ ಹೋಗುತ್ತದೆ ನಿಜ, ಆದರೆ 24 ಬಿಟ್ ದಾರಿಯಲ್ಲಿ 16 ಬಿಟ್ ಹಾಡಿಗೆ 48 ಡೆಸಿಬೆಲ್ ಅವಕಾಶ ಇದೆ.

ಇನ್ನು ಫೋನು. ಒಪ್ಪೋ, ರಿಯಲ್‌ಮಿ, ಒನ್‌ಪ್ಲಸ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಓಟಿಜಿ (ಫೋನಿಗೆ ಬೇರೆ ಉಪಕರಣ ಸಿಕ್ಕಿಸುವ ಸೌಲಭ್ಯ) ಅಂತ ಒಂದು ಸ್ವಿಚ್ ಇರುತ್ತದೆ, 10 ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುತ್ತದೆ. "ನಿನ್ನೆ ಓಡುತ್ತಿತ್ತು, ಇವತ್ತು ಇಲ್ಲ" ಅನ್ನುವ ದೂರು ಬಂದಾಗ ನಾನು ಮೊದಲು ಕೇಳುವುದು ಇದನ್ನೇ. ಸ್ವಿಚ್ ಸರಿಯಿದ್ದೂ ಸಿ-ಟು-ಸಿ ಕೇಬಲ್‌ನಲ್ಲಿ ಡಬ್ಬಿ ಎಚ್ಚರವಾಗದೆ, ಲ್ಯಾಪ್‌ಟಾಪಿನ ಎ-ಟು-ಸಿ ಕೇಬಲ್‌ನಲ್ಲಿ ಮಾತ್ರ ನಡೆದರೆ, ಡಬ್ಬಿಯ ಸಾಕೆಟ್ಟಿನಲ್ಲಿ ಸಿಸಿ ಪಿನ್ನಿಗೆ (ಏನೋ ಸಿಕ್ಕಿಸಿದ್ದಾರೆ ಅಂತ ಫೋನಿಗೆ ತಿಳಿಸುವ ಪಿನ್) ಹಾಕಬೇಕಾದ 5.1 ಕಿಲೋಓಂ ರೆಸಿಸ್ಟರ್ ಇಲ್ಲ ಅಂತಲೇ ಬಹುಪಾಲು. ಫೋನಿನ ಕಡೆ ಟೈಪ್-ಸಿ ಓಟಿಜಿ ಅಡಾಪ್ಟರ್ ಹಾಕಿ ಅದಕ್ಕೆ ಎ-ಟು-ಸಿ ಕೇಬಲ್ ಕೊಡಿ, ಎಚ್ಚರವಾಗುತ್ತದೆ. ಲೈಟ್ನಿಂಗ್ ಸಾಕೆಟ್ಟಿನ ಐಫೋನಿಗೆ ಚಾರ್ಜಿಂಗ್ ಕೇಬಲ್ ಆಗುವುದಿಲ್ಲ, ಕ್ಯಾಮೆರಾ ಅಡಾಪ್ಟರೇ ಬೇಕು. 2023ರ ಐಫೋನ್ 15ರಿಂದ ಈಚೆಗೆ ಟೈಪ್-ಸಿ ಬಂದಿರುವುದರಿಂದ ಆ ರಗಳೆ ಇಲ್ಲ.

ಆಂಡ್ರಾಯ್ಡ್ ಎಲ್ಲ ಸದ್ದನ್ನೂ ಒಂದೇ ಕಡೆ ಬೆರೆಸುತ್ತದೆ, ಸಾಮಾನ್ಯವಾಗಿ 48 ಕಿಲೋಹರ್ಟ್ಸ್ ಸ್ಯಾಂಪಲ್ ರೇಟಿನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಅಂಕಿ. ಸಿಡಿಯಿಂದ ಬಂದ ಹಾಡು 44.1. ಹಾಗಾಗಿ ಅದು ದಾರಿಯಲ್ಲಿ ಮರುಲೆಕ್ಕವಾಗಿ ಡ್ಯಾಕ್ ತಲುಪುತ್ತದೆ. ಡಬ್ಬಿಯ ಮೇಲೆ ಸ್ಯಾಂಪಲ್ ರೇಟ್ ತೋರಿಸುವ ದೀಪ ಇದ್ದರೆ ಯಾವ ಹಾಡಿಗೂ ಬಣ್ಣ ಬದಲಾಗದಿರುವುದೇ ಸಾಕ್ಷಿ. ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಅನ್ನುವ ಆಪ್ ತನ್ನದೇ ಡ್ರೈವರ್ ಬಳಸಿ ಇದನ್ನು ತಪ್ಪಿಸುತ್ತದೆ. ಆಂಡ್ರಾಯ್ಡ್ 14ರಲ್ಲಿ ಬಿಟ್-ಪರ್ಫೆಕ್ಟ್ (ಹಾಡಿನ ಅಂಕಿಗಳನ್ನು ಬದಲಿಸದೆ ಕಳಿಸುವ) ದಾರಿ ಬಂದಿದೆ, ಆದರೆ ಫೋನು ತಯಾರಿಸಿದವರೂ ಆಪ್ ಬರೆದವರೂ ಇಬ್ಬರೂ ಅದನ್ನು ಬಳಸಿಕೊಳ್ಳಬೇಕು. ನಿಜ ಹೇಳಬೇಕೆಂದರೆ ಮರುಲೆಕ್ಕದಿಂದ ಕಿವಿಗಾಗುವ ನಷ್ಟ ಸಣ್ಣದು. ಆ ಪ್ಲೇಯರನ್ನು ನಾನು ಇಟ್ಟುಕೊಂಡಿರುವುದು ಬೇರೆ ಕಾರಣಕ್ಕೆ: ಕೆಲವು ಡಾಂಗಲ್‌ಗಳಿಗೆ ಒಳಗೇ ಇನ್ನೊಂದು ಹಾರ್ಡ್‌ವೇರ್ ವಾಲ್ಯೂಮ್ ಇರುತ್ತದೆ, ಆಂಡ್ರಾಯ್ಡ್ ಅದನ್ನು ಪೂರ್ತಿ ಏರಿಸುವುದಿಲ್ಲ. ಫೋನಿನಲ್ಲಿ ನೂರಕ್ಕೆ ನೂರು ಇದ್ದರೂ ಸದ್ದು ಕುಂಟುತ್ತದೆ. ಈ ಪ್ಲೇಯರ್ ಅದನ್ನೂ ಏರಿಸಬಲ್ಲದು. ಹಾಗೆ ಬಳಸುವಾಗ ಹೆಡ್‌ಫೋನ್ ಕಿವಿಯಿಂದ ತೆಗೆದಿಟ್ಟೇ ಮೊದಲ ಹಾಡು ಶುರು ಮಾಡಿ, ವಾಲ್ಯೂಮ್ ಪೂರ್ತಿಯಿಂದ ಆರಂಭವಾಗಬಹುದು. ಈಕ್ವಲೈಜರಿನಲ್ಲಿ ಯಾವುದಾದರೂ ಪಟ್ಟಿ 6 ಡೆಸಿಬೆಲ್ ಏರಿಸಿದರೆ ಪ್ರೀಆಂಪ್ 6 ಇಳಿಸುವುದು ಮರೆಯಬೇಡಿ, ಇಲ್ಲದಿದ್ದರೆ ಜೋರು ಜಾಗದಲ್ಲಿ ಒಡೆಯುತ್ತದೆ.

ಲ್ಯಾಪ್‌ಟಾಪಿಗೆ ಹಾಕಿದಾಗ ಮಾತ್ರ ಗುಂಯ್ ಅಂದರೆ ಚಾರ್ಜರ್ ಕಿತ್ತು ನೋಡಿ. ನಿಂತರೆ ತಪ್ಪು ಡ್ಯಾಕ್‌ನದಲ್ಲ, ಅರ್ಥಿಂಗ್ ಸರಿಯಿಲ್ಲದ ಪಾಯಿಂಟೋ ಎರಡು ಪಿನ್ನಿನ ಚಾರ್ಜರೋ ಕಾರಣ. ಹಾಡು ಶುರುವಾಗುವಾಗ ಮೊದಲ ಅಕ್ಷರ ನುಂಗಿಹೋಗುವುದು ಸ್ಯಾಂಪಲ್ ರೇಟ್ ಬದಲಾಗುವಾಗ ಡ್ಯಾಕ್ ಕ್ಷಣ ಬಾಯಿ ಮುಚ್ಚಿಕೊಳ್ಳುವುದರಿಂದ, ರಿಪೇರಿಯ ವಿಷಯ ಅಲ್ಲ. ಗೇಮ್ ಕನ್ಸೋಲ್ ಡಬ್ಬಿಯನ್ನು ಗುರುತಿಸದಿದ್ದರೆ ಡಬ್ಬಿಯಲ್ಲಿ ಯುಎಸಿ 1 (ಯುಎಸ್‌ಬಿ ಆಡಿಯೋದ ಹಳೆಯ ಕ್ರಮ) ಮೋಡ್ ಇದೆಯೇ ನೋಡಿ. ಅದರಲ್ಲಿ 96 ಕಿಲೋಹರ್ಟ್ಸ್‌ವರೆಗೆ ಮಾತ್ರ ಸಿಗುತ್ತದೆ, ಆಟಕ್ಕೆ ಅಷ್ಟು ಬೇಕಾದಷ್ಟಾಯಿತು.

4.4 ಮಿ.ಮೀ. ಬ್ಯಾಲೆನ್ಸ್ಡ್ ಜ್ಯಾಕ್ ಬಳಸುವವರು ಒಂದು ಅಡಾಪ್ಟರಿನಿಂದ ದೂರ ಇರಬೇಕು. ಬ್ಯಾಲೆನ್ಸ್ಡ್ ಔಟ್‌ಪುಟ್ಟಿನಲ್ಲಿ ಎಡದ ಋಣ, ಬಲದ ಋಣ ಎರಡೂ ಪ್ರತ್ಯೇಕ ಆಂಪುಗಳು, ಯಾವುದೂ ಗ್ರೌಂಡ್ ಅಲ್ಲ. ಅಲ್ಲಿಗೆ ಮಾಮೂಲಿ 3.5 ಮಿ.ಮೀ. ಹೆಡ್‌ಫೋನ್ ಸಿಕ್ಕಿಸುವ ಅಡಾಪ್ಟರ್ ಹಾಕಿದರೆ ಆ ಎರಡೂ ಒಂದಕ್ಕೊಂದು ಶಾರ್ಟ್ ಆಗುತ್ತವೆ. ರಕ್ಷಣೆ ಇಲ್ಲದ ಡಬ್ಬಿಯಾದರೆ ಸುಟ್ಟುಹೋಗುತ್ತದೆ. ತಿರುಗಿಸಿ, ಅಂದರೆ 4.4 ಕೇಬಲ್ಲನ್ನು 3.5 ಔಟ್‌ಪುಟ್ಟಿಗೆ ಕೊಂಡೊಯ್ಯುವ ಅಡಾಪ್ಟರಿನಿಂದ ಏನೂ ಅಪಾಯವಿಲ್ಲ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಯಾವ ಕಡೆ ಗಂಡು, ಯಾವ ಕಡೆ ಹೆಣ್ಣು ಅಂತ ನೋಡಿಯೇ ದುಡ್ಡು ಕೊಡಿ: ಗಂಡು ಪಿನ್ನು 3.5ರದ್ದೇ ಆಗಿರಬೇಕು.